ಸಣ್ಣ ವಿಮಾನ ಕೊಳ್ಳಬೇಕಾ? ಮೊದಲು ಕಲಬುರಗಿಯ ಮೇ ಬಿಸಿಲನ್ನು ಲೆಕ್ಕ ಹಾಕಿ

[ದೃಶ್ಯ: ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ, ಮೇ ತಿಂಗಳ ಮಧ್ಯಾಹ್ನ. ಡಾಂಬರಿನ ಮೇಲೆ ಬಿಸಿಗಾಳಿ ನಡುಗುತ್ತಿದೆ.]

ನಮಸ್ಕಾರ. ಕಲಬುರಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಹಾರಾಟ ಕಲಿಸುವ ಶಾಲೆಗಳೂ ಬಂದವು. ತೊಗರಿ ಹೊಲದ ಮೇಲೆ ಸಣ್ಣ ವಿಮಾನ ಸುತ್ತು ಹೊಡೆಯುವುದನ್ನು ನೋಡಿ, "ಒಂದು ದಿನ ನಮ್ಮದೇ ವಿಮಾನ ತಗೊಂಡು ಪಶ್ಚಿಮ ಘಟ್ಟ ದಾಟಿ ಗೋವಾಕ್ಕೆ ಹೋಗಬೇಕು" ಎಂದುಕೊಂಡವರು ನಮ್ಮಲ್ಲಿ ಇದ್ದಾರೆ. ಒಳ್ಳೆಯ ಆಸೆ. ಈ ವಿಡಿಯೋ ಅವರಿಗಾಗಿ.

ಇಲ್ಲಿನ ರನ್‌ವೇ ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಸುತ್ತ ಬಯಲು. ಬೆಟ್ಟದ ಹಾರಾಟದ ಮಾತು ಇಲ್ಲೇಕೆ ಅಂತ ಅನಿಸಬಹುದು. ಒಂದು ಲೆಕ್ಕ ಮಾಡೋಣ.

[ದೃಶ್ಯ: ಪರದೆಯ ಮೇಲೆ ಲೆಕ್ಕ, ಒಂದೊಂದೇ ಸಾಲು.]

ವಿಮಾನ ತಯಾರಕರ ಲೆಕ್ಕದಲ್ಲಿ ಸಮುದ್ರ ಮಟ್ಟದ ಉಷ್ಣತೆ 15 ಡಿಗ್ರಿ. ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿ ಕಡಿಮೆ. ಅಂದರೆ ಕಲಬುರಗಿಗೆ 12 ಡಿಗ್ರಿ. ನಮ್ಮ ಮೇ ತಿಂಗಳಲ್ಲಿ 43 ಇದೆ ಅಂತಿಟ್ಟುಕೊಳ್ಳಿ. 31 ಡಿಗ್ರಿ ಜಾಸ್ತಿ. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ 3,720. ಅದಕ್ಕೆ 1,500 ಕೂಡಿಸಿ. 5,220 ಅಡಿ! ಪೈಲಟ್‌ಗಳು ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಬಿಸಿಗೆ ಗಾಳಿ ತೆಳುವಾಗುತ್ತದೆ, ಅಷ್ಟು ತೆಳು ಗಾಳಿ ಸಾಮಾನ್ಯವಾಗಿ ಇರುವುದು ಈ ಎತ್ತರದಲ್ಲಿ. ಕೆಮ್ಮಣ್ಣುಗುಂಡಿ ಇರುವುದು ಸುಮಾರು 4,700 ಅಡಿಯಲ್ಲಿ. ಮೇ ಮಧ್ಯಾಹ್ನ ನಿಮ್ಮ ವಿಮಾನದ ಮಟ್ಟಿಗೆ ಕಲಬುರಗಿ ಅದಕ್ಕಿಂತ ಎತ್ತರದ ಊರು.

ಗಾಳಿ ತೆಳುವಾದರೆ ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರೂ ಸೋಲುತ್ತವೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಹೆಚ್ಚುಕಡಿಮೆ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 180 ಎಚ್‌ಪಿ ಎಂಜಿನ್ 150ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ರನ್‌ವೇ 3 ಕಿಲೋಮೀಟರ್‌ಗಿಂತ ಉದ್ದ ಇದೆ, ಹಾಗಾಗಿ ಚಕ್ರ ನೆಲ ಬಿಡುವುದು ಕಷ್ಟವಲ್ಲ. ನೆಲ ಬಿಟ್ಟ ಮೇಲೆ ಏರುವುದೇ ಕಷ್ಟ.

[ದೃಶ್ಯ: ಸೆಸ್ನಾ 172ರ ಕೈಪಿಡಿ. ಟೇಕಾಫ್ ಕೋಷ್ಟಕದ ಮೇಲೆ ಬೆರಳು.]

ಕೊಳ್ಳುವ ಮಾತಿಗೆ ಬರೋಣ. ನಾಲ್ಕು ಸೀಟಿನ ಸಣ್ಣ ವಿಮಾನ ಸೆಸ್ನಾ 172 ಮೊದಲು ಹಾರಿದ್ದು 1955ರಲ್ಲಿ. ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಅದರ 172ಎಸ್ ಮಾದರಿಯ ಟೇಕಾಫ್ ಕೋಷ್ಟಕ ನೋಡಿ. ಮೇಲೆ 0, 10, 20, 30, 40 ಡಿಗ್ರಿ ಅಂತ ಕಾಲಂಗಳಿವೆ. 40ಕ್ಕೆ ಕೋಷ್ಟಕ ಮುಗಿಯಿತು. ನಮ್ಮ ಮೇ ತಿಂಗಳಿಗೆ ಕಾಲಂ ಇಲ್ಲ! ಅಂದಾಜಿನ ಮೇಲೆ ಹಾರಬೇಡಿ. ಕಾಲಂ ಇಲ್ಲದ ಹೊತ್ತಿನಲ್ಲಿ ವಿಮಾನ ಹ್ಯಾಂಗರ್‌ನಲ್ಲೇ ಇರಲಿ, ಬೆಳಗ್ಗೆ ಬೇಗ ಹೊರಡಿ.

ಈಗ ತೂಕ. 172ಎಸ್ ಹೊತ್ತು ಏರಬಹುದಾದ ಒಟ್ಟು ತೂಕ 1,157 ಕೆಜಿ. ಖಾಲಿ ವಿಮಾನವೇ 770 ಕೆಜಿ ಹತ್ತಿರ ತೂಗುತ್ತದೆ. ಟ್ಯಾಂಕ್ ತುಂಬಿದರೆ ಇಂಧನ ಸುಮಾರು 145 ಕೆಜಿ. ಉಳಿದದ್ದು 240 ಕೆಜಿ ಅಷ್ಟೆ. 75 ಕೆಜಿಯ ಮೂವರು ಕೂತರೆ ಮುಗಿಯಿತು, ಬ್ಯಾಗಿಗೂ ಜಾಗ ಇಲ್ಲ. ನಾಲ್ಕು ಸೀಟು ಇದೆ ಅಂದ ಮಾತ್ರಕ್ಕೆ ನಾಲ್ಕು ಜನರ ವಿಮಾನ ಅಂತ ತಿಳಿಯಬೇಡಿ. ಅದೂ ಬರೀ ಸಮುದ್ರ ಮಟ್ಟದ ತಂಪು ಗಾಳಿಯ ಲೆಕ್ಕ ಸಾಲದು, ನಮ್ಮ ಬಿಸಿಲಿನ ಲೆಕ್ಕ ಬೇಕು. ಘಟ್ಟ ದಾಟುವ ದಿನ ಇಬ್ಬರೇ ಹೋಗಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

110 ಎಚ್‌ಪಿಯ ಎರಡು ಸೀಟಿನ ಸೆಸ್ನಾ 152 ಕಲಿಯುವುದಕ್ಕೆ ಚೆನ್ನ. ಬೆಟ್ಟಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ಡೈಮಂಡ್ ಡಿಎ40 ಎನ್‌ಜಿ ನನಗೆ ಹೆಚ್ಚು ಸರಿ ಅನಿಸುತ್ತದೆ. ಅದರಲ್ಲಿ ಟರ್ಬೊ ಡೀಸೆಲ್ ಎಂಜಿನ್ ಇದೆ, ಎತ್ತರಕ್ಕೆ ಹೋದರೂ ಶಕ್ತಿ ಬೇಗ ಕುಸಿಯುವುದಿಲ್ಲ. ರೆಕ್ಕೆಗೆ ಮಾತ್ರ ಟರ್ಬೊ ಇರುವುದಿಲ್ಲ, ತೆಳು ಗಾಳಿಯ ಕಷ್ಟ ಅದಕ್ಕೆ ಹಾಗೇ ಉಳಿಯುತ್ತದೆ. ಇನ್ನೊಂದು ದೊಡ್ಡ ಅನುಕೂಲ: ದೊಡ್ಡ ಜೆಟ್‌ಗಳು ಬಳಸುವ ಇಂಧನದಲ್ಲೇ ಅದು ಓಡುತ್ತದೆ. 172ಕ್ಕೆ ಬೇಕಾದ ವಿಮಾನದ ಪೆಟ್ರೋಲ್, ಅಂದರೆ ಏವ್‌ಗ್ಯಾಸ್ ಎಲ್ಲ ನಿಲ್ದಾಣದಲ್ಲೂ ಸಿಗುವುದಿಲ್ಲ. ಇಂಡಿಯನ್ ಆಯಿಲ್ ಅದನ್ನು ದೇಶದಲ್ಲೇ ತಯಾರಿಸತೊಡಗಿದ್ದು 2022ರಲ್ಲಿ. ಅದಕ್ಕೆ ಮೊದಲು ಹೊರಗಿನಿಂದಲೇ ಬರುತ್ತಿತ್ತು. ಹಾಗಾಗಿ ವಿಮಾನ ನೋಡುವ ಮುಂಚೆ ನೀವು ಹೋಗುವ ಊರುಗಳಿಗೆ ಫೋನ್ ಮಾಡಿ, ಯಾವ ಇಂಧನ ಇದೆ ಅಂತ ಕೇಳಿಕೊಳ್ಳಿ.

ಹಳೆಯ ವಿಮಾನವಾದರೆ ಲಾಗ್‌ಬುಕ್ ಪುಟ ಪುಟ ಓದಿ. ಜಾಸ್ತಿ ಹಾರಿದ ಎಂಜಿನ್‌ಗಿಂತ ವರ್ಷಗಟ್ಟಲೆ ಸುಮ್ನೆ ನಿಂತ ಎಂಜಿನ್ ಹೆಚ್ಚು ಭಯದ್ದು, ಒಳಗೆ ತುಕ್ಕು ಹಿಡಿದಿರುತ್ತದೆ. ಮಾರುವವರ ಮೆಕ್ಯಾನಿಕ್ ಬೇಡ, ನಿಮ್ಮ ಕಡೆಯ ಲೈಸೆನ್ಸ್ ಇರುವ ಎಂಜಿನಿಯರ್ ತೆರೆದು ನೋಡಲಿ.

[ದೃಶ್ಯ: ನಕ್ಷೆ. ಕಲಬುರಗಿಯಿಂದ ಬೆಳಗಾವಿ, ಅಲ್ಲಿಂದ ಗೋವಾ.]

ಇನ್ನು ಬೆಟ್ಟ. ಯಾದಗಿರಿಯ ಕೋಟೆ ಗುಡ್ಡವಾಗಲಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟವಾಗಲಿ ಎತ್ತರದಲ್ಲಿ ದೊಡ್ಡವಲ್ಲ. ಬಿಸಿಲೇರಿದ ಮೇಲೆ ಅವುಗಳ ಹತ್ತಿರವೂ ವಿಮಾನ ಕುಲುಕುತ್ತದೆ. ಬೀದರ್ ಕಡೆ ಹೋಗುವವರು ಇನ್ನೊಂದು ನೆನಪಿಡಿ. ಅಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡವೂ ಅಲ್ಲಿಯದೇ. ಅನುಮತಿ ಇಲ್ಲದೆ ಆ ಆಕಾಶಕ್ಕೆ ಹೋಗುವಂತಿಲ್ಲ.

ನಿಜವಾದ ಪರೀಕ್ಷೆ ಸಹ್ಯಾದ್ರಿಯದು. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸಿ ಘಟ್ಟ ಹತ್ತಿ ನಮ್ಮ ಕಡೆಗೆ ಇಳಿಯುತ್ತದೆ. ಕಲಬುರಗಿಯಿಂದ ಹೊರಟವರು ಘಟ್ಟವನ್ನು ಸೇರುವುದೇ ಆ ಇಳಿಗಾಳಿಯ ಬದಿಯಿಂದ. 172ಎಸ್ ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ ಸುಮಾರು 730 ಅಡಿ ಏರುತ್ತದೆ. ಜೋರು ಇಳಿಗಾಳಿ ನಿಮಿಷಕ್ಕೆ 1,000 ಅಡಿ ಕೆಳಗೆ ತಳ್ಳಬಲ್ಲದು. ಪೂರ್ತಿ ಥ್ರಾಟಲ್ ಕೊಟ್ಟರೂ ನೀವು ಇಳಿಯುತ್ತಲೇ ಇರುತ್ತೀರಿ. ಜೊತೆಗೆ ಎದುರುಗಾಳಿ, ಆ ಜಾಗದಿಂದ ಬೇಗ ಪಾರಾಗಲೂ ಆಗದು. ಮಳೆಗಾಲದಲ್ಲಿ ಮೋಡ ಬೇರೆ ಬೆಟ್ಟವನ್ನೇ ಮುಚ್ಚಿರುತ್ತದೆ. ಕಣ್ಣಳತೆಯಲ್ಲಿ ಹಾರುವವರು ಆಗ ಅತ್ತ ಹೋಗಲೇಬಾರದು.

ಒಳ್ಳೆಯ ಕಾಲದಲ್ಲೂ ಶಿಖರಕ್ಕಿಂತ ಕನಿಷ್ಠ 1,000 ಅಡಿ, ಗಾಳಿ ಇದ್ದರೆ 2,000 ಅಡಿ ಮೇಲಿರಿ. ಆ ಎತ್ತರವನ್ನು ಬೆಟ್ಟಕ್ಕೆ ಬಹಳ ಮುಂಚೆಯೇ ಗಳಿಸಿಕೊಳ್ಳಿ. ಬೆಟ್ಟದ ಸಾಲು ಹತ್ತಿರವಾದಾಗ ನೇರವಾಗಿ ನುಗ್ಗದೆ 45 ಡಿಗ್ರಿ ಓರೆಯಾಗಿ ಹೋಗಿ, ಬೇಡವೆನಿಸಿದರೆ ಸ್ವಲ್ಪ ತಿರುಗಿದರೆ ಸಾಕು. ಕಣ್ಣಿಗೇ ಒಂದು ಸೂಚನೆ ಸಿಗುತ್ತದೆ. ಸಾಲಿನ ಆಚೆಗಿನ ನೆಲ ಹೆಚ್ಚು ಹೆಚ್ಚು ಕಾಣುತ್ತಾ ಬಂದರೆ ನೀವು ಅದಕ್ಕಿಂತ ಮೇಲಿದ್ದೀರಿ. ಆಚೆಯ ನೆಲ ಸಾಲಿನ ಹಿಂದೆ ಮರೆಯಾಗುತ್ತಾ ಹೋದರೆ ತಕ್ಷಣ ತಿರುಗಿ.

[ದೃಶ್ಯ: ಕಣಿವೆಯ ಚಿತ್ರ, ಎರಡು ತಿರುವುಗಳು.]

ಕಣಿವೆಯ ನಡುವೆ ಹಾರಬೇಡಿ, ಒಂದು ಬದಿಗಿರಿ. ತಿರುಗಲು ಪೂರ್ತಿ ಅಗಲ ಸಿಗುತ್ತದೆ. 100 ನಾಟ್, ಅಂದರೆ ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ, 30 ಡಿಗ್ರಿ ವಾಲಿ ತಿರುಗಿ ವಾಪಸ್ ಬರಲು ಸುಮಾರು 930 ಮೀಟರ್ ಅಗಲ ಬೇಕು. 70 ನಾಟ್‌ನಲ್ಲಿ ಅದರ ಅರ್ಧ ಸಾಕು. ಕಣಿವೆ ಕಿರಿದಾದಂತೆ ಗಾಬರಿಯಿಂದ ವೇಗ ಹೆಚ್ಚಿಸುವುದೇ ದೊಡ್ಡ ಅಪಾಯ. ಇದನ್ನು ಬೆಟ್ಟದಲ್ಲಿ ಕಲಿಯಬೇಡಿ. ನಮ್ಮ ಬಯಲಿನ ಮೇಲೆ, ಸಾಕಷ್ಟು ಎತ್ತರದಲ್ಲಿ, ಗುರುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿ. ಖಾಸಗಿ ಲೈಸೆನ್ಸ್‌ಗೆ 40 ಗಂಟೆ ಹಾರಿದರೆ ಆಗುತ್ತದೆ. ಘಟ್ಟಕ್ಕೆ ಅಷ್ಟು ಸಾಲದು.

ಗೋವಾಕ್ಕೆ ಹೊರಟರೆ ಮೊದಲ ದಿನ ಬೆಳಗಾವಿಯಲ್ಲಿ ಇಳಿಯಿರಿ. ಮರುದಿನ ಬೆಳಗ್ಗೆ ಹವಾಮಾನ ವರದಿಯಲ್ಲಿ ಘಟ್ಟದ ಎತ್ತರದ ಗಾಳಿ ಎಷ್ಟಿದೆ ನೋಡಿ. 25 ನಾಟ್ ದಾಟಿದ್ದರೆ ಬೆಳಗಾವಿಯಲ್ಲೇ ಇನ್ನೊಂದು ದಿನ ಉಳಿಯಿರಿ. ಗೋವಾದವರಿಗೆ ಫೋನ್ ಮಾಡಿ ನಾಳೆ ಬರುತ್ತೇವೆ ಅಂತ ಹೇಳಿ.