ರಾಜ ನಗಬಾರದು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಇಷ್ಟು ಜನ ಬಂದಿದ್ದೀರಿ, ಸಂತೋಷ. ಕಾಮಿಡಿ ಸಿನಿಮಾದ ಬಗ್ಗೆ ಭಾಷಣ ಕೇಳುವುದು ಅಂದರೆ ಬಂಗುಡೆ ಪುಳಿಮುಂಚಿಯ ಬಗ್ಗೆ ಭಾಷಣ ಕೇಳಿದ ಹಾಗೆ. ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಕೊನೆಯಲ್ಲಿ ಒಂದು ತುಣುಕು ತೋರಿಸುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ಸಹಿಸಿಕೊಳ್ಳಿ.

ಈಗ ಪರಿಚಯ ಮಾಡಿಕೊಟ್ಟವರು ನನ್ನನ್ನು ಸಿನಿಮಾ ತಜ್ಞ ಅಂದರು. ಅದು ಅವರ ಕುಶಾಲು. ನಾನು ಇದೇ ಉಡುಪಿಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ದಿನಕ್ಕೆ ನಾಲ್ಕು ಆಟ. ಒಂದೇ ಸಿನಿಮಾವನ್ನು ಗೋಡೆಯ ಒಂದು ಗೇಣು ಕಿಂಡಿಯಲ್ಲಿ ನೋಡುವುದು. ಕನಕದಾಸರಿಗೆ ಕಿಂಡಿಯಲ್ಲಿ ಕೃಷ್ಣ ಕಂಡ, ನನಗೆ ಅನಂತನಾಗ್ ಕಂಡರು. ಮೆಷಿನಿನ ಕಟಕಟದಲ್ಲಿ ಡೈಲಾಗ್ ಸರಿಯಾಗಿ ಕೇಳುತ್ತಿರಲಿಲ್ಲ. ಜನ ನಕ್ಕದ್ದು ಮಾತ್ರ ಗೋಡೆ ದಾಟಿ ಕೇಳುತ್ತಿತ್ತು. ನಗು ಕೇಳಿದ ಕೂಡಲೇ ನಾನು ಕಿಂಡಿಗೆ ಕಣ್ಣಿಡುತ್ತಿದ್ದೆ, ಎಂತ ಆಯಿತು ಅಂತ. ಹಾಗೆ ನೋಡಿದಾಗಲೆಲ್ಲ ಪರದೆ ಮೇಲೆ ಹೆಚ್ಚಾಗಿ ಇರುತ್ತಿದ್ದದ್ದು ಜೋಕು ಹೇಳಿದವನ ಮುಖ ಅಲ್ಲ. ಅದನ್ನು ಕೇಳಿಸಿಕೊಂಡವನ ಮುಖ.

ಇದನ್ನು ನನಗೆ ಮೊದಲು ಹೇಳಿಕೊಟ್ಟದ್ದು ಸಿನಿಮಾ ಅಲ್ಲ, ಆಟ. ಯಕ್ಷಗಾನ. ಸಣ್ಣವನಿರುವಾಗ ಗದ್ದೆಯಲ್ಲಿ ಚಾಪೆ ಹಾಸಿ ಮಲಗುವ ಮೊದಲು ಅಜ್ಜಿಗೆ ಹೇಳಿ ಮಲಗುವುದು, ‘ಹಾಸ್ಯ ಬಂದಾಗ ಎಬ್ಬಿಸು’ ಅಂತ. ನಳ ದಮಯಂತಿಯಲ್ಲಿ ಬಾಹುಕ ಬಂದರೆ ನಿದ್ದೆ ಹಾರಿಹೋಗುತ್ತಿತ್ತು. ಒಂದು ರಾತ್ರಿ ಬೇರೆ ಯಾವುದೋ ಪ್ರಸಂಗ. ದೂತನ ಒಂದು ಮಾತಿಗೆ ರಾಜವೇಷದವರಿಗೇ ನಗು ತಡೆಯಲಾಗಲಿಲ್ಲ, ಕಿರೀಟ ಅಲ್ಲಾಡಿಸಿಕೊಂಡು ನಕ್ಕುಬಿಟ್ಟರು. ಜನವೂ ನಕ್ಕರು. ಆದರೆ ಮುಂದಿನ ಮಾತಿಗೆ ಯಾರೂ ನಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬೆಳಿಗ್ಗೆ ಚೌಕಿಯಲ್ಲಿ ಬಣ್ಣ ತೆಗೆಯುವಾಗ ಆ ಹಾಸ್ಯಗಾರರು ಸಿಟ್ಟಿನಲ್ಲಿ ಹೇಳುತ್ತಿದ್ದರು: ‘ರಾಜ ನಗಬಾರದು ಮಾರಾಯ್ರೆ. ನೀವು ನಕ್ರೆ ಮತ್ತೆ ನಾನು ಎಂತ ಮಾಡುದು?’

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇಷ್ಟೇ.

ನನ್ನ ಪಟ್ಟಿಯಲ್ಲಿ ಮೊದಲನೆಯದು ‘ಗಣೇಶನ ಮದುವೆ’. 1990ರದ್ದು, ಫಣಿ ರಾಮಚಂದ್ರ ಅವರದ್ದು. ಕತೆ ನಿಮಗೆಲ್ಲ ಗೊತ್ತು. ವಠಾರದ ಬಾಡಿಗೆದಾರ ಗಣೇಶ ಶ್ರುತಿ ಎಂಬ ಗಾಯಕಿಯ ದನಿಗೆ ಮರುಳಾಗಿದ್ದಾನೆ. ಆ ಶ್ರುತಿ ಅಂದರೆ ದಿನಾ ಅವನೊಟ್ಟಿಗೆ ಜಗಳ ಮಾಡುವ ವಠಾರದ ಯಜಮಾನರ ಮಗಳು ಆದಿಲಕ್ಷ್ಮಿ. ಅವಳಿಗೂ ಇವನು ಯಾರು ಅಂತ ಗೊತ್ತಿಲ್ಲ. ಆದಿಲಕ್ಷ್ಮಿ ಮಾಡಿದ ವಿನಯಾ ಪ್ರಸಾದ್ ನಮ್ಮ ಉಡುಪಿಯವರು ಅಂತ ಆಗ ಟಾಕೀಸಿನ ಗೇಟಿನವನಿಂದ ಹಿಡಿದು ಎಲ್ಲರಿಗೂ ಒಂದು ಕೋಡು ಜಾಸ್ತಿ ಇತ್ತು.

ಈ ಸಿನಿಮಾದಲ್ಲಿ ಅನಂತನಾಗ್ ನಗಿಸಲು ಹೊರಟದ್ದೇ ಇಲ್ಲ, ಗಮನಿಸಿದ್ದೀರಾ? ಗಣೇಶನಿಗೆ ಅವನ ಪ್ರೀತಿ ಸಂಕಟದ ವಿಷಯ, ಜಗಳ ಮರ್ಯಾದೆಯ ವಿಷಯ. ಎದುರಿಗೆ ಯಜಮಾನ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಅವರಿಗೂ ವಠಾರ ಅಂದರೆ ಸಾಮ್ರಾಜ್ಯ, ಕುಶಾಲು ಅಲ್ಲ. ಇಬ್ಬರೂ ರಾಜರೇ. ಇಬ್ಬರೂ ನಗುವುದಿಲ್ಲ. ನಗುವ ಕೆಲಸ ಪೂರ್ತಿ ನಮ್ಮ ಪಾಲಿಗೆ ಬರುತ್ತದೆ. ಕಾಮಿಡಿ ಮಾಡುತ್ತೇನೆ ಅಂತ ಕಣ್ಣು ತಿರುಗಿಸಿ, ಬಾಯಿ ಸೊಟ್ಟ ಮಾಡುವವರು ನಮ್ಮ ಪಾಲಿನ ಕೆಲಸವನ್ನೂ ತಾವೇ ಮಾಡಿಬಿಡುತ್ತಾರೆ. ಮತ್ತೆ ನಾವು ಸುಮ್ನೆ ಟಿಕೆಟ್ ಹರಿದು ಕೂತದ್ದು ಎಂತಕ್ಕೆ?

ಹಳಬರಲ್ಲಿ ಬಾಲಕೃಷ್ಣ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎನ್ನುವುದು ಅನೇಕರಿಗೆ ಗೊತ್ತು. ಎದುರಿನವರ ತುಟಿ ನೋಡಿ ತಮ್ಮ ಮಾತು ಯಾವಾಗ ಅಂತ ತಿಳಿದುಕೊಳ್ಳಬೇಕಿತ್ತು. ಈಗ ಅವರ ಯಾವುದಾದರೂ ಸಿನಿಮಾ ಹಾಕಿ ನೋಡಿ. ನರಸಿಂಹರಾಜು ಪಟಪಟ ಹೇಳುತ್ತಾ ಇರುತ್ತಾರೆ, ಬಾಲಣ್ಣ ಅವರ ಮುಖವನ್ನೇ ನುಂಗುವ ಹಾಗೆ ನೋಡುತ್ತಿರುತ್ತಾರೆ. ಅಷ್ಟು ಗಮನ ಕೊಟ್ಟು ಕೇಳಿಸಿಕೊಳ್ಳುವವನನ್ನು ನಾನು ಕನ್ನಡ ಸಿನಿಮಾದಲ್ಲಿ ಬೇರೆ ನೋಡಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಗಾಂಧಿಕ್ಲಾಸಿನಲ್ಲಿ ನಗು ಶುರುವಾಗುತ್ತಿತ್ತು.

ಇನ್ನೊಂದು ವಿಷಯ ನಾನು ಕಲಿತದ್ದು ಬೈಗುಳ ತಿಂದು. ಆಗ ನಾನು ಇನ್ನೂ ಹೆಲ್ಪರ್. ಸಿನಿಮಾ ತಗಡಿನ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಸಾವಿರ ಅಡಿಯ ಒಂದು ರೀಲು ಅಂದರೆ ಹನ್ನೊಂದು ನಿಮಿಷ. ಎರಡನ್ನು ಅಂಟಿಸಿ ಒಂದು ಮಾಡಿ ಮೆಷಿನಿಗೆ ಏರಿಸುವುದು. ಒಂದು ಮ್ಯಾಟಿನಿಗೆ, ಕನ್ನಡದ ಒಂದು ಕಾಮಿಡಿಗೆ, ನಾನು ಇಂಟರ್‌ವಲ್ ಆದ ಮೇಲಿನ ರೀಲನ್ನು ಹಿಂದೆ ಮುಂದೆ ಮಾಡಿದೆ. ಹೀರೋ ಮೊದಲು ಮೈಯೆಲ್ಲ ಕೆಸರಾಗಿ ಮನೆಗೆ ಬಂದ, ಆಮೇಲೆ ಹೊಂಡಕ್ಕೆ ಬಿದ್ದ. ಹೊಂಡಕ್ಕೆ ಬಿದ್ದದ್ದಕ್ಕೆ ಹಿಂದಿನ ದಿನ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತ್ತು. ಇವತ್ತು ಸದ್ದೇ ಇಲ್ಲ. ಒಬ್ಬರು ಮಾತ್ರ ಹಿಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದರು, ಮೀನು ಮಾರ್ಕೆಟಿನ ಒಬ್ಬರು ಅಮ್ಮ. ಅವರು ನಿನ್ನೆಯೂ ಬಂದಿದ್ದರು. ನನ್ನ ತಪ್ಪು ಅಲ್ಲಿ ಗೊತ್ತಾದದ್ದು ಅವರೊಬ್ಬರಿಗೆ. ಮತ್ತೆ ಮ್ಯಾನೇಜರ್‌ಗೆ. ಅವರು ಮೆಟ್ಟಿಲು ಹತ್ತಿ ಬಂದು ಹೇಳಿದ್ದನ್ನು ಈ ಸಭೆಯಲ್ಲಿ ಹೇಳಲಾಗುವುದಿಲ್ಲ.

ಬೀಳುವುದು ತಮಾಷೆ ಅಂತ ನಾವು ಅಂದುಕೊಂಡಿರುತ್ತೇವೆ. ಹೊಂಡ ಅಲ್ಲಿ ಉಂಟು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ತಮಾಷೆ ಇರುವುದು ಆ ಹತ್ತು ಹೆಜ್ಜೆಯಲ್ಲಿ.

‘ಉದ್ಭವ’ವೂ 1990ರದ್ದೇ, ಕೋಡ್ಲು ರಾಮಕೃಷ್ಣ ಅವರದ್ದು. ರಸ್ತೆ ಅಗಲ ಮಾಡುವುದನ್ನು ತಪ್ಪಿಸಲು ಗಣಪತಿಯನ್ನೇ ‘ಉದ್ಭವ’ ಮಾಡಿಸುವ ಕತೆ. ಅದು ಉದ್ಭವ ಆದದ್ದು ಹೇಗೆ ಅಂತ ನಮಗೆ ಗೊತ್ತು, ಕೈಮುಗಿಯುವವರಿಗೆ ಗೊತ್ತಿಲ್ಲ. ಈ ಸಿನಿಮಾ ನೆನಪಾದಾಗ ನನಗೆ ಯಾವಾಗಲೂ 2009 ನೆನಪಾಗುತ್ತದೆ. ನಮ್ಮ ಬೈಂದೂರಿನ ಒತ್ತಿನೆಣೆ ಹತ್ತಿರ ಕಡಲ ಬದಿಯಲ್ಲಿ ಒಂದು ಸಿನಿಮಾದವರು ಚಾರ್ಲಿ ಚಾಪ್ಲಿನ್‌ನ 67 ಅಡಿಯ ಮೂರ್ತಿ ನಿಲ್ಲಿಸಲು ಹೊರಟಿದ್ದರು. ದೇವಸ್ಥಾನದ ಹತ್ತಿರ ಬೇಡ, ಅವನು ನಮ್ಮವನಲ್ಲ ಅಂತ ಗಲಾಟೆಯಾಗಿ ನಿಂತುಹೋಯಿತು. ದೇಶವಿದೇಶದ ಪೇಪರಿನಲ್ಲೆಲ್ಲ ಬಂತು. ಅಲ್ಲಿ ಒಬ್ಬ ಉದ್ಭವ ಆದ, ಇಲ್ಲಿ ಒಬ್ಬ ಉದ್ಭವ ಆಗಲಿಲ್ಲ. ಚಾಪ್ಲಿನ್ ಬದುಕಿದ್ದರೆ ಅದನ್ನೇ ಸಿನಿಮಾ ಮಾಡುತ್ತಿದ್ದ.

ಇನ್ನು ತುಳು. ಮೊದಲ ತುಳು ಸಿನಿಮಾ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ಆದರೆ ಜನ ಟಾಕೀಸಿಗೆ ಮುಗಿಬಿದ್ದದ್ದು 2011ರಲ್ಲಿ, ‘ಒರಿಯರ್ದೊರಿ ಅಸಲ್’ ಬಂದಾಗ. ಅದು ಮೊದಲು ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ. ನಾಟಕದಲ್ಲಿ ಒಂದು ಅನುಕೂಲ ಉಂಟು. ಜನ ನಗುವಾಗ ನಟ ಕಾಯುತ್ತಾನೆ. ಲುಂಗಿ ಸರಿ ಮಾಡುತ್ತಾನೆ, ಬೀಡಿ ಹುಡುಕುತ್ತಾನೆ, ನಗು ಇಳಿದ ಮೇಲೆ ಮುಂದಿನ ಮಾತು ಬಿಡುತ್ತಾನೆ. ನಟ ನವೀನ್ ಡಿ. ಪಡೀಲ್ ಅವರನ್ನು ಜನ ಕುಸಲ್ದರಸೆ ಅನ್ನುವುದು ಸುಮ್ನೆ ಅಲ್ಲ. ಕುಶಾಲಿನ ಅರಸ. ಅರಸನಿಗೆ ಕಾಯಲು ಗೊತ್ತಿರಬೇಕು. ಸಿನಿಮಾದ ರೀಲು ಯಾರಿಗೂ ಕಾಯುವುದಿಲ್ಲ. ಒಂದು ಮಾತಿಗೆ ಹಾಲ್ ಹಾರಿಹೋಗುವಷ್ಟು ನಕ್ಕರೆ ಅದರ ಮುಂದಿನ ಎರಡು ಮಾತು ನಗುವಿನ ಅಡಿಯಲ್ಲಿ ಮುಳುಗಿಹೋಗುತ್ತವೆ. 2014ರ ‘ಚಾಲಿ ಪೋಲಿಲು’ ಮಂಗಳೂರಿನಲ್ಲಿ ವರ್ಷ ದಾಟಿ ಓಡಿತಲ್ಲ, ನನ್ನ ಅಂದಾಜು, ಅರ್ಧ ಜನ ಮೊದಲ ಸಲ ಕೇಳದೆ ಹೋದ ಡೈಲಾಗ್ ಕೇಳಲು ಎರಡನೇ ಸಲ ಬಂದವರು.

ಒಂದು ಸಣ್ಣ ಸಿಟ್ಟನ್ನೂ ಹೇಳಿಬಿಡುತ್ತೇನೆ. ಎಷ್ಟೋ ವರ್ಷ ಬೆಂಗಳೂರಿನ ಸಿನಿಮಾಗಳಲ್ಲಿ ನಮ್ಮ ಕಡೆಯವ ಬಂದರೆ ಅವನು ಹೋಟೆಲ್ ಭಟ್ಟ, ಇಲ್ಲದಿದ್ದರೆ ಸಪ್ಲಾಯರ್. ‘ಎಂತ ಮಾರಾಯ್ರೆ’ ಅನ್ನಬೇಕು, ಜನ ನಗಬೇಕು. ನಾನು ಕಿಂಡಿಯಲ್ಲಿ ನೋಡುತ್ತಿದ್ದೆ, ಉಡುಪಿಯ ಹಾಲಿನಲ್ಲಿ ಅದಕ್ಕೆ ನಗುವೇ ಇಲ್ಲ. ನಗಲಿಕ್ಕೆ ಅದರಲ್ಲಿ ಉಂಟು ಎಂತ? ನಾವು ಮಾತಾಡುವುದೇ ಹಾಗಲ್ವಾ? 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಬಂತು. ರಾಜ್ ಬಿ. ಶೆಟ್ಟಿ ಅವರದ್ದು. ತಲೆಯಲ್ಲಿ ಕೂದಲಿಲ್ಲದ ಕನ್ನಡ ಲೆಕ್ಚರರ್, ಹೆಣ್ಣು ಸಿಗುತ್ತಿಲ್ಲ. ಅದೇ ಮಂಗಳೂರು ಕನ್ನಡ. ಆದರೆ ಇಲ್ಲಿ ಅದು ಅವನ ಸಂಕಟದ ಭಾಷೆ. ಅವನು ಗಂಭೀರ, ನಾವು ನಕ್ಕೆವು, ಬೆಂಗಳೂರೂ ನಕ್ಕಿತು.

2025ರ ಜುಲೈಯಲ್ಲಿ ‘ಸು ಫ್ರಂ ಸೋ’ ಬಂದಾಗ ನಾನು ಟಿಕೆಟ್ ತೆಗೆದು ನೋಡಿದೆ. ಕಿಂಡಿ ಇಲ್ಲದೆ ಸಿನಿಮಾ ನೋಡುವುದು ನನಗೆ ಈಗಲೂ ಸರಿ ಅಭ್ಯಾಸ ಆಗಿಲ್ಲ. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಅವರೇ ಮಾಡಿದ್ದಾರೆ. ಊರಿನ ಹೆಸರು ಮರ್ಲೂರು. ತುಳುವಿನಲ್ಲಿ ಮರ್ಲ್ ಅಂದರೆ ಹುಚ್ಚು, ಹಾಗಾಗಿ ನಾವು ಅಲ್ಲಿಂದಲೇ ನಗಲು ಶುರು ಮಾಡಿದೆವು. ಬೆಂಗಳೂರಿನವರಿಗೆ ಅದು ಬರೀ ಊರಿನ ಹೆಸರು. ಅಶೋಕ ಒಂದು ತಪ್ಪು ಮಾಡಿ ಸಿಕ್ಕಿಬಿದ್ದು, ಮೈಮೇಲೆ ಏನೋ ಬಂದವನಂತೆ ನಟಿಸುತ್ತಾನೆ. ಊರಿನವರು ಅದನ್ನು ಸೋಮೇಶ್ವರದ ಸುಲೋಚನಾ ಎಂಬವರ ಪ್ರೇತ ಅಂತ ನಂಬುತ್ತಾರೆ. ನೋಡಿ, ಪ್ರೇತಕ್ಕೆ ವಿಳಾಸ ಉಂಟು! ಅದೂ ಯಾವುದೋ ಹಾಳು ಬಂಗಲೆ ಅಲ್ಲ, ಮಂಗಳೂರಿನಿಂದ ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ಮನೆಗೆ ಬರಬಹುದಾದ ಸೋಮೇಶ್ವರ.

ಇಲ್ಲಿ ಒಬ್ಬ ರಾಜ ಅಲ್ಲ, ಇಡೀ ಊರೇ ರಾಜ. ಯಾರೂ ನಗುವುದಿಲ್ಲ. ಶನೀಲ್ ಗೌತಮ್ ಮಾಡಿದ ರವಿಯಣ್ಣನನ್ನು ನೋಡಿ. ಊರಿನ ಭಾರ ಎಲ್ಲ ತನ್ನ ಹೆಗಲ ಮೇಲೆ ಉಂಟು ಅಂತ ನಂಬಿದ ಮನುಷ್ಯ. ಅಂಥ ಅಣ್ಣ ನಮ್ಮ ಪ್ರತಿ ಊರಿನಲ್ಲೂ ಒಬ್ಬರಿದ್ದಾರೆ. ಮದುವೆಗೆ ಚಪ್ಪರ ಹಾಕಿಸುವುದೂ ಅವರೇ, ಸಾವಿಗೆ ಕಟ್ಟಿಗೆ ತರಿಸುವುದೂ ಅವರೇ. ಅವರು ಪ್ರೇತದ ಕೇಸನ್ನೂ ಪಂಚಾಯತಿನ ನೀರಿನ ಪೈಪಿನ ಕೇಸಿನ ಹಾಗೆಯೇ ಕೈಗೆತ್ತಿಕೊಳ್ಳುತ್ತಾರೆ. ಸಿನಿಮಾದ ಕೊನೆಯ ಭಾಗ ನನಗೆ ಸ್ವಲ್ಪ ಭಾಷಣ ಅನ್ನಿಸಿತು, ಇರಲಿ. ನನ್ನದೂ ಭಾಷಣವೇ.

ಈಗ ತುಣುಕು. ಆ ಒತ್ತಿನೆಣೆಯಲ್ಲಿ ನಿಲ್ಲದೆ ಹೋದವನದ್ದು, ‘ಸಿಟಿ ಲೈಟ್ಸ್’, 1931. ಮಾತಿಲ್ಲ. ಹೂ ಮಾರುವ ಹುಡುಗಿಗೆ ಕಣ್ಣು ಕಾಣುವುದಿಲ್ಲ. ಈ ಭಿಕಾರಿಯನ್ನು ಅವಳು ಶ್ರೀಮಂತ ಅಂತ ತಿಳಿಯಬೇಕು. ಕುರುಡಿಗೆ ಶ್ರೀಮಂತಿಕೆ ತೋರಿಸುವುದು ಹೇಗೆ? ಚಾಪ್ಲಿನ್‌ಗೆ ತುಂಬಾ ಕಾಲ ದಾರಿಯೇ ಸಿಗಲಿಲ್ಲ. ಈ ಒಂದು ದೃಶ್ಯಕ್ಕೆ 342 ಟೇಕ್ ಆಯಿತು ಅಂತ ದಾಖಲೆ ಪುಸ್ತಕದಲ್ಲಿ ಉಂಟು. ಕೊನೆಗೆ ಹೊಳೆದದ್ದು ಒಂದು ಕಾರಿನ ಬಾಗಿಲು. ಪೋಲಿಸಿನಿಂದ ತಪ್ಪಿಸಿಕೊಳ್ಳಲು ಅವನು ರಸ್ತೆಯಲ್ಲಿ ನಿಂತ ಕಾರಿನ ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯುತ್ತಾನೆ. ಬಾಗಿಲು ಬೀಳುತ್ತದೆ. ಅವಳು ಮುಖ ಎತ್ತುತ್ತಾಳೆ.

ಆ ಬಾಗಿಲಿನ ಸದ್ದಿಗೆ ಅವಳ ಮುಖ ಏನು ಮಾಡುತ್ತದೆ, ಅದನ್ನು ನೋಡಿ. ಆಮೇಲೆ ಅವಳಿಗೆ ಕಣ್ಣಿಲ್ಲ ಅಂತ ಅವನಿಗೆ ಗೊತ್ತಾಗುವಾಗ ಅವನ ಮುಖ ನೋಡಿ. ಆಗ ಹಾಲ್ ಪೂರ್ತಿ ಮೌನ ಆಗುತ್ತದೆ. ಅವನು ಸದ್ದಾಗದ ಹಾಗೆ ಬಂದು ಪಕ್ಕದಲ್ಲಿ ಕೂತು ಅವಳನ್ನೇ ನೋಡುತ್ತಾ ಇರುತ್ತಾನೆ. ನಿಮ್ಮ ಗಂಟಲು ಕಟ್ಟುವ ಹೊತ್ತಿಗೆ ಅವಳು ಹೂವಿನ ನೀರನ್ನು ಚೆಲ್ಲುತ್ತಾಳೆ. ಎಲ್ಲಿಗೆ ಅಂತ ನಾನು ಹೇಳುವುದಿಲ್ಲ. ಹೇಳಿದರೆ ರೀಲು ಹಿಂದೆ ಮುಂದೆ ಮಾಡಿದ ಹಾಗೆ ಆಗುತ್ತದೆ, ಒಮ್ಮೆ ಬೈಸಿಕೊಂಡದ್ದು ಸಾಕು.

ಆ ಬಾಗಿಲ ಹತ್ತಿರ ಕೂತ ಅಣ್ಣ, ಟ್ಯೂಬ್‌ಲೈಟ್ ಒಂದು ಆಫ್ ಮಾಡ್ತೀರಾ? ಫ್ಯಾನ್ ಇರಲಿ.