ಲಾಗ ಹಾಕುವ ವಿಮಾನಕ್ಕೆ ತೂಕವೇ ಮೊದಲು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನವರಿಗೆ ವಿಮಾನದ ಹುಚ್ಚು ಹೊಸದೇನಲ್ಲ. 1940ರಲ್ಲಿ ಎಚ್‌ಎಎಲ್ ಇಲ್ಲಿ ಶುರುವಾದಾಗಿನಿಂದ ಈ ಊರಿನ ತಲೆ ಮೇಲೆ ಏನಾದರೊಂದು ಹಾರುತ್ತಲೇ ಇದೆ. ಏರೋ ಇಂಡಿಯಾ ಬಂತೆಂದರೆ ಯಲಹಂಕದ ಸುತ್ತಮುತ್ತ ಮನೆ ತಾರಸಿಗಳೆಲ್ಲ ಜನರಿಂದ ತುಂಬಿಹೋಗುತ್ತವೆ. ಬೀದರಿನಿಂದ ಬರುವ ಸೂರ್ಯಕಿರಣ್ ತಂಡದ ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದ ಹಾಗೆ ಬಂದು ಒಟ್ಟಿಗೇ ಲಾಗ ಹಾಕುವುದನ್ನು ನೋಡಿದ ಮೇಲೆ, ನಮ್ಮ ಕೈಯಲ್ಲೂ ಅಂಥದ್ದೊಂದು ಆಡಿಸಲು ಆಗುತ್ತದಾ ಅಂತ ಅನ್ನಿಸುವುದು ಸಹಜ ಅಲ್ವಾ? ಆಗುತ್ತದೆ. ರಿಮೋಟ್‌ನಲ್ಲಿ ಹಾರಿಸುವ ಪುಟ್ಟ ಏರೋಬ್ಯಾಟಿಕ್ ವಿಮಾನ ಅಂತ ಒಂದಿದೆ. ಡ್ರೋನ್ ಅಲ್ಲ. ರೆಕ್ಕೆ, ಬಾಲ, ಮೂತಿಗೆ ಪ್ರೊಪೆಲ್ಲರ್ ಇರುವ ನಿಜವಾದ ವಿಮಾನವೇ, ಗಾತ್ರ ಮಾತ್ರ ಚಿಕ್ಕದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಾರಿಸಿಯೇ ಗೊತ್ತಿಲ್ಲದವರು ನೇರವಾಗಿ ಇದಕ್ಕೆ ಕೈ ಹಾಕಬೇಡಿ. ಕಲಿಯುವವರಿಗೆ ಅಂತ ಟ್ರೈನರ್ ವಿಮಾನ ಬರುತ್ತದೆ. ಅದರ ರೆಕ್ಕೆ ಬೆನ್ನ ಮೇಲಿರುತ್ತದೆ, ತುದಿಗಳು ಸ್ವಲ್ಪ ಮೇಲಕ್ಕೆ ಎದ್ದಿರುತ್ತವೆ. ಅದು ಹಳೇ ಎತ್ತಿನ ಹಾಗೆ. ಹಗ್ಗ ಬಿಟ್ಟರೂ ತಾನೇ ಸರಿದಾರಿಗೆ ಬರುತ್ತದೆ. ಏರೋಬ್ಯಾಟಿಕ್ ವಿಮಾನಕ್ಕೆ ಆ ಬುದ್ಧಿ ಇಲ್ಲ, ಬೇಕಂತಲೇ ಇಟ್ಟಿಲ್ಲ. ಅದರ ರೆಕ್ಕೆ ಮೈಯ ನಡುವೆ ಇರುತ್ತದೆ, ರೆಕ್ಕೆಯ ಮೇಲುಬ್ಬು ಕೆಳಉಬ್ಬು ಎರಡೂ ಒಂದೇ ಸಮ. ಹಾಗಾಗಿ ಅದಕ್ಕೆ ಅಂಗಾತ ಹಾರಿದರೂ ಒಂದೇ, ನೆಟ್ಟಗೆ ಹಾರಿದರೂ ಒಂದೇ. ಓರೆ ಮಾಡಿ ರಿಮೋಟಿನ ಕಡ್ಡಿ ಬಿಟ್ಟರೆ ಓರೆಯಾಗಿಯೇ ಹೋಗುತ್ತಿರುತ್ತದೆ, ನೀವು ಎತ್ತುವ ತನಕ. ಎಕ್ಸ್‌ಟ್ರಾ 300, ಎಡ್ಜ್ 540, ಯಾಕ್ 55 ಅಂತೆಲ್ಲ ಹೆಸರಿಟ್ಟು ಮಾರುವುದು ಇವನ್ನೇ. ಮನುಷ್ಯರು ಕೂತು ಹಾರಿಸುವ ಆ ಹೆಸರಿನ ನಿಜ ವಿಮಾನಗಳೂ ಹೀಗೆಯೇ ಇವೆ.

ಸರಿ, ಯಾವುದನ್ನು ಕೊಳ್ಳುವುದು? ಎಲ್ಲರೂ ಕೇಳುವುದು ಮೋಟಾರ್ ಎಷ್ಟು ಪವರ್ರು, ಎಷ್ಟು ಸ್ಪೀಡು ಅಂತ. ನಾನು ಕೇಳುವುದು ಒಂದೇ. ಬ್ಯಾಟರಿ ಹಾಕಿ, ಹಾರಲು ಸಿದ್ಧವಾದಾಗ ತೂಕ ಎಷ್ಟು? ಡಬ್ಬದ ಮೇಲೆ ಬರೆದಿರುವುದು ಬೇಡ, ಅಡುಗೆಮನೆ ತಕ್ಕಡಿ ಮೇಲೆ ಇಟ್ಟು ನೋಡಿದ್ದು ಬೇಕು.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಒಂದು ಲೆಕ್ಕ ಕೇಳಿ. ರೆಕ್ಕೆ ತುದಿಯಿಂದ ತುದಿಗೆ 85 ಸೆಂಟಿಮೀಟರ್ ಇರುವ ವಿಮಾನ ಅಂದುಕೊಳ್ಳಿ, ರೆಕ್ಕೆಯ ವಿಸ್ತೀರ್ಣ ಸುಮಾರು 20 ಚದರ ಡೆಸಿಮೀಟರ್. ತೂಕ 400 ಗ್ರಾಂ ಇದ್ದರೆ ಅದು ಗಂಟೆಗೆ 22 ಕಿಲೋಮೀಟರ್ ಹತ್ತಿರದ ನಿಧಾನದಲ್ಲೂ ಬೀಳದೆ ಹಾರುತ್ತದೆ. ಅದೇ ರೆಕ್ಕೆಗೆ 600 ಗ್ರಾಂ ಹೇರಿದಿರೋ, 27 ಕಿಲೋಮೀಟರ್ ಇಲ್ಲದಿದ್ದರೆ ನಿಲ್ಲುವುದಿಲ್ಲ. ಐದು ಕಿಲೋಮೀಟರ್ ಏನು ಮಹಾ ಅನ್ನಬೇಡಿ. ತೂಕವೂ ಜಾಸ್ತಿ, ವೇಗವೂ ಜಾಸ್ತಿ, ಎರಡೂ ಸೇರಿ ನೆಲಕ್ಕೆ ಬಿದ್ದಾಗಿನ ಪೆಟ್ಟು ಎರಡು ಪಟ್ಟನ್ನೂ ಮೀರುತ್ತದೆ. ತಿರುಗಲು ಬೇಕಾದ ಜಾಗವೂ ಒಂದೂವರೆ ಪಟ್ಟಾಗುತ್ತದೆ. ಇದರ ಮೇಲೆ ನಮ್ಮೂರಿನದ್ದೇ ಒಂದು ತಾಪತ್ರಯ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಪ್ರೊಪೆಲ್ಲರ್ ಅಷ್ಟು ಕಮ್ಮಿ ಎಳೆಯುತ್ತದೆ, ರೆಕ್ಕೆ ಅಷ್ಟು ಕಮ್ಮಿ ಎತ್ತುತ್ತದೆ. ಕಡಲ ತೀರದಲ್ಲಿ ಚೆನ್ನಾಗಿ ಹಾರಿದ ವಿಮಾನ ಇಲ್ಲಿ ಸ್ವಲ್ಪ ಮಂಕಾದರೆ ಮೋಟಾರ್ ಹಾಳಾಗಿದೆ ಅಂತ ಬಿಚ್ಚಲು ಕೂರಬೇಡಿ.

ಹಾಗಾಗಿ ನನ್ನ ಮಟ್ಟಿಗೆ ಏರೋಬ್ಯಾಟಿಕ್ ಶುರು ಮಾಡುವವರಿಗೆ ಸರಿಯಾದ ಅಳತೆ ಅಂದರೆ 80ರಿಂದ 100 ಸೆಂಟಿಮೀಟರ್ ರೆಕ್ಕೆ, ಇಪಿಪಿ ಅನ್ನುವ ಬಗ್ಗುವ ಫೋಮ್, 500 ಗ್ರಾಂ ದಾಟದ ತೂಕ. ಅದಕ್ಕಿಂತ ಚಿಕ್ಕದು ಸ್ವಲ್ಪ ಗಾಳಿ ಬೀಸಿದರೂ ಎತ್ತಲೋ ಹೋಗುತ್ತದೆ, ಅದನ್ನು ಒಳಾಂಗಣ ಕ್ರೀಡಾಂಗಣ ಸಿಗುವವರು ಇಟ್ಟುಕೊಳ್ಳಲಿ. ದೊಡ್ಡದು ಚಂದವಾಗಿಯೇ ಹಾರುತ್ತದೆ, ಆದರೆ ಅದಕ್ಕೆ ಕಾರಿನ ಹಿಂದಿನ ಸೀಟು, ದೊಡ್ಡ ಮೈದಾನ, ದೊಡ್ಡ ಜೇಬು ಮೂರೂ ಬೇಕು.

ಮೋಟಾರಿನ ಎಳೆತ ವಿಮಾನದ ತೂಕದ ಒಂದೂವರೆ ಪಟ್ಟಾದರೂ ಇರಲಿ. 400 ಗ್ರಾಂ ವಿಮಾನಕ್ಕೆ 600 ಗ್ರಾಂ ಎಳೆತ. ಅಷ್ಟಿದ್ದರೆ ಮೂತಿ ಮೇಲೆ ಮಾಡಿ ಗಾಳಿಯಲ್ಲಿ ನಿಲ್ಲಿಸಬಹುದು, ಅಲ್ಲಿಂದ ಮತ್ತೆ ಮೇಲಕ್ಕೂ ಎಳೆಯಬಹುದು. ಬ್ಯಾಟರಿ ಮೂರು ಸೆಲ್‌ನ 850 ಎಂಎಎಚ್ ಸಾಕು, ಅದು 80 ಗ್ರಾಂ ಆಸುಪಾಸು ತೂಗುತ್ತದೆ. ಜಾಸ್ತಿ ಹೊತ್ತು ಹಾರಲಿ ಅಂತ 2200 ಎಂಎಎಚ್‌ನದ್ದು ತುರುಕುವವರು ಇದ್ದಾರೆ. ಅದು 180 ಗ್ರಾಂ. ಹೊತ್ತು ಜಾಸ್ತಿ ಸಿಗುತ್ತದೆ ನಿಜ, ಆದರೆ ಹಾರುವುದು ಬೇರೆಯೇ ವಿಮಾನ, ಹೇಳಿದ ಮಾತು ಕೇಳದ ವಿಮಾನ. ಐದಾರು ನಿಮಿಷ ಹಾರಿಸಿ, ಇಳಿಸಿ, ಇನ್ನೊಂದು ಚಿಕ್ಕ ಬ್ಯಾಟರಿ ಹಾಕಿ. ಏರೋಬ್ಯಾಟಿಕ್ ಅಂದರೆ ಕಣ್ಣು ಮಿಟುಕಿಸದೆ ನೋಡುವ ಕೆಲಸ, ಐದು ನಿಮಿಷಕ್ಕೇ ತಲೆ ದಣಿದಿರುತ್ತದೆ.

ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದಾಗ ಸರ್ವೋವನ್ನು ಸುಮ್ನೆ ತರಬೇಡಿ. ವಿಮಾನವನ್ನು ಓರೆ ಮಾಡುವ ರೆಕ್ಕೆಯ ಎರಡು ಐಲೆರಾನ್ ಪಟ್ಟಿಗಳು, ಬಾಲದಲ್ಲಿ ಮೂತಿಯನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್, ಎಡ ಬಲ ಮಾಡುವ ರಡ್ಡರ್, ಇವನ್ನು ಆಡಿಸುವುದು ಸರ್ವೋ ಎಂಬ ಪುಟ್ಟ ಮೋಟಾರ್. 9 ಗ್ರಾಂನದ್ದು ನಾಲ್ಕು ಬೇಕು. ಕರೆಂಟ್ ಕೊಟ್ಟು ಸರ್ವೋ ತೋಳನ್ನು ಬೆರಳಿನಲ್ಲಿ ಮೆತ್ತಗೆ ಅಲ್ಲಾಡಿಸಿ. ಲೊಡಲೊಡ ಅಂದರೆ ವಾಪಸ್ ಇಟ್ಟುಬಿಡಿ. ರಿಮೋಟ್ ವಿಷಯಕ್ಕೆ ಜಿಪುಣತನ ಬೇಡ. ವಿಮಾನ ಇವತ್ತು ಇರುತ್ತದೆ ನಾಳೆ ಇರುವುದಿಲ್ಲ, ರಿಮೋಟ್ ವರ್ಷಗಟ್ಟಲೆ ಇರುತ್ತದೆ. ಆರು ಚಾನೆಲ್ ಇರಲಿ, ಅಂದರೆ ಆರು ಬೇರೆ ಬೇರೆ ಆಜ್ಞೆ ಕಳಿಸುವಂಥದ್ದು, ಡ್ಯುಯಲ್ ರೇಟ್ ಮತ್ತು ಎಕ್ಸ್‌ಪೋ ಇರಲೇಬೇಕು. ಡ್ಯುಯಲ್ ರೇಟ್ ಅಂದರೆ ಒಂದು ಸ್ವಿಚ್ ಒತ್ತಿದರೆ ರೆಕ್ಕೆ ಬಾಲದ ಪಟ್ಟಿಗಳು ಸ್ವಲ್ಪವೇ ತಿರುಗುವುದು, ಇನ್ನೊಂದು ಕಡೆ ಒತ್ತಿದರೆ 45 ಡಿಗ್ರಿ ತನಕ ತಿರುಗುವುದು. ಎಕ್ಸ್‌ಪೋ 30ರಿಂದ 50 ಪರ್ಸೆಂಟ್ ಹಾಕಿದರೆ ಕಡ್ಡಿಯ ನಡುಭಾಗ ಮೆತ್ತಗಾಗಿ ಕೈ ನಡುಗಿದರೂ ವಿಮಾನ ನಡುಗುವುದಿಲ್ಲ. ಅದೇ ರಿಮೋಟನ್ನು ಕಂಪ್ಯೂಟರಿಗೆ ಸಿಕ್ಕಿಸಿ ಸಿಮ್ಯುಲೇಟರ್‌ನಲ್ಲಿ ಆಡಬಹುದು. ಪಿಕಾಸಿಮ್ ಅಂತ ಒಂದಿದೆ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಎಷ್ಟು ಬೇಕಾದರೂ ಬೀಳಿಸಿ, ಯಾರೂ ಕೇಳುವುದಿಲ್ಲ.

ಇಪಿಪಿ ಯಾಕೆ ಅಂದರೆ ಅದು ಬಗ್ಗುತ್ತದೆ, ಮುರಿಯುವುದು ಕಮ್ಮಿ. ಮೂತಿ ನೆಲಕ್ಕೆ ಬಡಿದು ಜಜ್ಜಿ ಹೋಯಿತು ಅನ್ನಿ. ಪಾತ್ರೆಯಲ್ಲಿ ನೀರು ಕುದಿಸಿ, ಸೌಟಿನಲ್ಲಿ ಎತ್ತಿ, ಜಜ್ಜಿದ ಜಾಗದ ಮೇಲೆ ಸ್ವಲ್ಪ ಸ್ವಲ್ಪವೇ ಹುಯ್ಯಿರಿ. ಚಪ್ಪಟೆಯಾಗಿದ್ದ ಫೋಮಿನ ಕಾಳುಗಳು ಕಣ್ಣ ಮುಂದೆಯೇ ಒಂದೊಂದಾಗಿ ಉಬ್ಬಿ ಮೇಲೇಳುತ್ತವೆ. ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಚರ್ಮ ಸುಕ್ಕುಗಟ್ಟಿದ ಹಾಗೆ ಕಾಣುತ್ತದೆ, ಹಾರಲು ಏನೂ ತೊಂದರೆ ಇಲ್ಲ. ಸೀಳಿದ್ದರೆ ಫೆವಿಕ್ವಿಕ್ ಸಾಕು. ಆದರೆ ಮಾಮೂಲಿ ಬಿಳಿ ಥರ್ಮಾಕೋಲ್‌ಗೆ ಫೆವಿಕ್ವಿಕ್ ಹಾಕಬೇಡಿ, ಅದು ಕರಗಿ ಗುಂಡಿ ಬೀಳುತ್ತದೆ.

ವಿಮಾನ ಜೋಡಿಸಿ ಆದ ಮೇಲೆ ಸಿಜಿ ನೋಡಬೇಕು, ಅಂದರೆ ತೂಕ ಸಮ ನಿಲ್ಲುವ ಜಾಗ. ಬ್ಯಾಟರಿ ಹಾಕಿ, ರೆಕ್ಕೆಯ ಕೆಳಗೆ ಎರಡೂ ಕಡೆ ತೋರುಬೆರಳು ಇಟ್ಟು ಎತ್ತಿ. ತಯಾರಿಸಿದವರು ಹೇಳಿದ ಗೆರೆಯ ಮೇಲೆ ಬೆರಳಿಟ್ಟಾಗ ವಿಮಾನ ಮಟ್ಟಸವಾಗಿ ನಿಲ್ಲಬೇಕು. ಮೂತಿ ಚೂರು ಬಗ್ಗಿದರೆ ಮೊದಲ ಹಾರಾಟಕ್ಕೆ ಅಡ್ಡಿಯಿಲ್ಲ. ಬಾಲ ಬಗ್ಗಿದರೆ ಮಾತ್ರ ಹಾರಿಸಲೇಬೇಡಿ. ಸರಿಪಡಿಸಲು ಸೀಸದ ತುಂಡು ಅಂಟಿಸಬೇಡಿ, ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ. ತೂಕ ಸೇರಿಸುವುದು ಕೊನೆಯ ದಾರಿ. ಮೇಲೆ ಹೋದ ನಂತರ ಇನ್ನೊಂದು ಪರೀಕ್ಷೆ ಇದೆ. 45 ಡಿಗ್ರಿಯಲ್ಲಿ ಮೇಲೇರುತ್ತಾ ಅಂಗಾತ ಮಾಡಿ ಎಲಿವೇಟರ್ ಕಡ್ಡಿ ಬಿಡಿ. ಅದೇ ಗೆರೆಯಲ್ಲಿ ಹೋಗುತ್ತಿದ್ದರೆ ಸಿಜಿ ಸರಿ ಇದೆ. ಥಟ್ಟನೆ ನೆಲದ ಕಡೆ ಬಾಗಿದರೆ ಮೂತಿ ಭಾರ. ಆಕಾಶದ ಕಡೆಗೇ ಎದ್ದರೆ ಬಾಲ ಭಾರ.

ಇನ್ನು ಎಲ್ಲಿ ಹಾರಿಸುವುದು? ಇದೇ ಬೆಂಗಳೂರಿನಲ್ಲಿ ದೊಡ್ಡ ತಲೆನೋವು. ವಿಮಾನ ಕೊಳ್ಳುವ ಮೊದಲೇ ಇದನ್ನು ಯೋಚಿಸಿ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಕೆಳಗೆ ನಮ್ಮ ಈ ಮಾದರಿ ವಿಮಾನಗಳೂ ಬರುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ತೆಗೆದು ನೋಡಿ, ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಾಕಿದ್ದಾರೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ, ಹಳದಿಗೆ ಏರ್ ಟ್ರಾಫಿಕ್ ಕಂಟ್ರೋಲ್‌ನವರ ಅನುಮತಿ ಬೇಕು. ನಮ್ಮಲ್ಲಿ ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ, ಹೀಗೆ ನಾಲ್ಕು ಕಡೆ ವಿಮಾನ ಇಳಿಯುವ ಜಾಗ ಇದೆ. ನಾಲ್ಕರ ಸುತ್ತಲೂ ವೃತ್ತ ಎಳೆದರೆ ಊರಿನಲ್ಲಿ ಉಳಿಯುವುದು ಎಷ್ಟು ಅಂತ ನೀವೇ ನೋಡಿ. ಪಾರ್ಕಿನಲ್ಲಿ, ಅಪಾರ್ಟ್‌ಮೆಂಟ್ ಮೇಲೆ ಹಾರಿಸುವ ಆಸೆ ಬಿಟ್ಟುಬಿಡಿ. ಹಸಿರು ಬಣ್ಣದಲ್ಲೂ 400 ಅಡಿ, ಅಂದರೆ 120 ಮೀಟರ್ ಎತ್ತರ ಮೀರಬಾರದು.

ಹಾಗಾಗಿ ಹೊರಗೆ ಹೋಗಬೇಕು. ಮಾಗಡಿ ಕಡೆ, ಆನೇಕಲ್ ಕಡೆ, ಕನಕಪುರ ರಸ್ತೆಯಲ್ಲಿ ಮುಂದೆ. ಜನವರಿ, ಫೆಬ್ರವರಿ ಬಂದರೆ ನಮಗೆ ಸುಗ್ಗಿ. ರಾಗಿ ಕೊಯ್ದು ಹೊಲ ಖಾಲಿ ಬಿದ್ದಿರುತ್ತದೆ, ಬೆಳಗಿನ ಹೊತ್ತು ಗಾಳಿಯೂ ಇರುವುದಿಲ್ಲ, ಬಿದ್ದರೂ ಮೆತ್ತನೆ ಮಣ್ಣು. ಹೊಲದವರನ್ನು ಕೇಳದೆ ಮಾತ್ರ ಇಳಿಯಬೇಡಿ. ಕೇಳಿದರೆ ಬೇಡ ಅನ್ನುವವರು ಕಮ್ಮಿ, ಆದರೆ ಮೊದಲ ಪ್ರಶ್ನೆ ಒಂದೇ: “ಏನ್ ಸ್ವಾಮಿ, ಸರ್ವೆ ಮಾಡಕ್ಕೆ ಬಂದಿದೀರಾ?” ಬೆಂಗಳೂರಿನ ಅಂಚಿನಲ್ಲಿ ಜಮೀನು ಇರುವವರು ಆಕಾಶದಲ್ಲಿ ಏನೇ ಕಂಡರೂ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ ಬಿಡಿ. ಕ್ಯಾಮೆರಾ ಇಲ್ಲ ಅಂತ ವಿಮಾನವನ್ನು ಅವರ ಕೈಗೇ ಕೊಟ್ಟು ತೋರಿಸಿ. ಎತ್ತಿ ನೋಡಿ “ಇಷ್ಟೇನಾ ತೂಕ!” ಅನ್ನುತ್ತಾರೆ. ಅಲ್ಲಿಗೆ ಅನುಮಾನ ಮುಗಿಯಿತು. ಕರೆಂಟ್ ತಂತಿ, ನೀಲಗಿರಿ ತೋಪು, ತೆಂಗಿನ ತೋಟ ಎಲ್ಲಿದೆ ಅಂತ ಮೊದಲು ಒಂದು ಸುತ್ತು ನಡೆದು ನೋಡಿ. ಹದ್ದುಗಳು ಸುತ್ತುತ್ತಿದ್ದರೆ ಕಾಯಿರಿ, ಅವು ಹತ್ತಿರ ಬಂದು ವಿಚಾರಿಸಿಕೊಳ್ಳುತ್ತವೆ. ಜೂನ್‌ನಿಂದ ಆಗಸ್ಟ್ ತನಕ ಪಶ್ಚಿಮದ ಗಾಳಿ ಜೋರು, ಆಗ ಸಿಮ್ಯುಲೇಟರೇ ಗತಿ. ಆ ಬೂದು ಮೋಡದ ಕೆಳಗೆ ಬಿಳಿ ಹೊಟ್ಟೆಯ ವಿಮಾನ ಕಣ್ಣಿಗೇ ಕಾಣುವುದಿಲ್ಲ. ಹೊಟ್ಟೆಗೆ ಕಪ್ಪು ಪಟ್ಟಿ ಅಂಟಿಸಿ, ಬೆನ್ನಿಗೆ ಬೇರೆ ಬಣ್ಣ ಇರಲಿ.

ಹಾರಿಸುವಾಗ ಲೂಪ್, ಅಂದರೆ ನಿಂತ ಚಕ್ರದ ಹಾಗೆ ಸುತ್ತುವುದು, ಮತ್ತು ರೋಲ್, ಅಂದರೆ ಮುಂದೆ ಹೋಗುತ್ತಲೇ ಮಗ್ಗುಲಿಗೆ ಉರುಳುವುದು, ಬೇಗ ಬರುತ್ತವೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಷ್ಟ ಇರುವುದು ವಿಮಾನ ನಿಮ್ಮ ಕಡೆಗೇ ಬರುವಾಗ. ಎಡ ಬಲ ತಿರುವುಮುರುವಾಗಿ ತಲೆ ಕೆಡುತ್ತದೆ. ಅದಕ್ಕೊಂದು ಉಪಾಯ ಇದೆ: ಯಾವ ರೆಕ್ಕೆ ಕೆಳಗೆ ಇಳಿದಿದೆಯೋ ಕಡ್ಡಿಯನ್ನು ಆ ಕಡೆಗೇ ತಳ್ಳಿ. ರೆಕ್ಕೆಗೆ ಊರುಗೋಲು ಕೊಟ್ಟಂತೆ ಎದ್ದು ನಿಲ್ಲುತ್ತದೆ. ಅಂಗಾತ ಹಾರಿಸುವಾಗ ಎತ್ತಲು ಕಡ್ಡಿಯನ್ನು ಎಳೆಯಬಾರದು, ತಳ್ಳಬೇಕು. ಗಾಬರಿಯಲ್ಲಿ ಎಳೆದರೆ ಸೀದಾ ನೆಲ. ಅದಕ್ಕೇ ಹೊಸ ಆಟ ಏನೇ ಇದ್ದರೂ, ಒಮ್ಮೆ ಎಡವಿದರೂ ಸಾವರಿಸಿಕೊಳ್ಳುವಷ್ಟು ಎತ್ತರದಲ್ಲಿ ಕಲಿಯಿರಿ.

ನೈಫ್ ಎಡ್ಜ್‌ನಲ್ಲಿ ಒಂದು ರೆಕ್ಕೆ ನೆಲಕ್ಕೆ, ಇನ್ನೊಂದು ಆಕಾಶಕ್ಕೆ. ಆಗ ಎತ್ತಿ ಹಿಡಿಯುವುದು ರೆಕ್ಕೆಯಲ್ಲ, ರಡ್ಡರ್ ಒತ್ತಿದಾಗ ಓರೆಯಾಗುವ ವಿಮಾನದ ಮೈ. ಹಾರಿಯರ್ ಅಂದರೆ ಮೂತಿಯನ್ನು 45 ಡಿಗ್ರಿ ಎತ್ತಿ ನಡೆಯುವ ವೇಗದಲ್ಲಿ ತೇಲಿಸುವುದು. ಅಲ್ಲಿಂದ ಮೂತಿ ಪೂರ್ತಿ ನೆಟ್ಟಗೆ ಮಾಡಿದರೆ ಹೋವರ್, ವಿಮಾನ ಪ್ರೊಪೆಲ್ಲರಿಗೆ ನೇತುಬಿದ್ದು ನಿಂತಿರುತ್ತದೆ. ರೆಕ್ಕೆಗೆ ಅಲ್ಲಿ ಎತ್ತುವ ಕೆಲಸವೇ ಇಲ್ಲ, ಪ್ರೊಪೆಲ್ಲರಿನ ಗಾಳಿ ಬಾಲಕ್ಕೆ ಬಡಿಯುವುದರಿಂದ ರಡ್ಡರ್, ಎಲಿವೇಟರ್ ಮಾತು ಕೇಳುತ್ತವೆ. ಕಡ್ಡಿಯನ್ನು ಒತ್ತಿ ಹಿಡಿಯಬೇಡಿ, ಚಿಕ್ಕ ಚಿಕ್ಕದಾಗಿ ತಟ್ಟಿ. ಮೋಟಾರ್ ಬಲಕ್ಕೆ ತಿರುಗಿದರೆ ವಿಮಾನದ ಮೈ ಎಡಕ್ಕೆ ತಿರುಗಲು ನೋಡುತ್ತದೆ, ಚೂರು ಬಲ ಐಲೆರಾನ್ ಕೊಡಿ. ತೂಕದ ಮಾತು ಇಲ್ಲೂ ಬರುತ್ತದೆ. ಹಗುರ ವಿಮಾನ ಥ್ರಾಟಲ್, ಅಂದರೆ ಮೋಟಾರಿನ ಜೋರು, ಅರ್ಧ ದಾಟುವಷ್ಟರಲ್ಲೇ ನಿಂತಿರುತ್ತದೆ, ಎಡವಟ್ಟಾದರೆ ಪೂರ್ತಿ ಕೊಟ್ಟು ಮೇಲಕ್ಕೆ ಓಡಿಸಬಹುದು. ಭಾರದ್ದು ನಿಲ್ಲಲೇ ಪೂರ್ತಿ ಕೇಳುತ್ತದೆ, ಆಮೇಲೆ ಕೊಡಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ.

ಕೊನೆಗೆ ಬ್ಯಾಟರಿ. ಈ ವಿಮಾನದ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 3.5ಕ್ಕೆ ಬರುವ ಮೊದಲೇ ಇಳಿಸಿ. 850 ಎಂಎಎಚ್ ಬ್ಯಾಟರಿಗೆ 0.85 ಆಂಪಿಯರ್‌ನಲ್ಲಿ ಚಾರ್ಜ್ ಹಾಕಿ, ಹತ್ತಿರವೇ ಇರಿ, ಹಾಕಿ ಮಲಗಬೇಡಿ. ದಪ್ಪ ಮಣ್ಣಿನ ಕುಂಡದೊಳಗೆ ಇಟ್ಟು ಚಾರ್ಜ್ ಮಾಡುವುದು ಒಳ್ಳೇದು. ಮುಂದಿನ ಭಾನುವಾರದ ತನಕ ಹಾರಿಸುವುದಿಲ್ಲ ಅಂದರೆ ಸೆಲ್‌ಗೆ 3.8 ವೋಲ್ಟ್‌ಗೆ ತಂದು ಇಡಿ, ತುಂಬಿಸಿಟ್ಟರೆ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಹಾರಿಸಬೇಡಿ, ಬೀದಿಗೆ ಬರುವ ಕಸದ ಗಾಡಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ನಮಸ್ಕಾರ.