ದೂರದರ್ಶಕಕ್ಕೆ ಡಯಾಗನಲ್ ಕನ್ನಡಿಯನ್ನು ಕೊಳ್ಳುವಾಗ

ಹಾಸನದ ಹವ್ಯಾಸಿ ಖಗೋಳ ಮಿತ್ರರೇ,

ದೂರದರ್ಶಕ ಕೊಳ್ಳುವುದು ಹೇಗೆ ಎಂಬುದರ ಕುರಿತು ಮಾತನಾಡಬೇಕೆಂದು ಈ ಸಭೆಯನ್ನು ಏರ್ಪಡಿಸಿದವರು ನನ್ನನ್ನು ಕೇಳಿದ್ದರು. ಆದರೆ ನಿಮ್ಮಲ್ಲಿ ಹೆಚ್ಚಿನವರು ದೂರದರ್ಶಕವನ್ನು ಆಗಲೇ ಕೊಂಡಿದ್ದೀರಿ, ಅದರ ಜೊತೆ ಬಂದ ಸಣ್ಣಪುಟ್ಟ ಸಾಮಾನುಗಳನ್ನು ಹಾಗೆಯೇ ಬಳಸುತ್ತಿದ್ದೀರಿ ಎಂದು ತಿಳಿದ ಮೇಲೆ, ಅಂಥ ಒಂದೇ ಸಾಮಾನಿನ ಬಗ್ಗೆ, ಅಂದರೆ ಬಿಂಬವನ್ನು ಚೂಪಾಗಿಸಲು ಹಿಂದೆ ಮುಂದೆ ಸರಿಸುವ ಫೋಕಸರ್‌ಗೂ ಕಣ್ಣಿಟ್ಟು ನೋಡುವ ಐಪೀಸ್‌ಗೂ ನಡುವೆ ಕೂರುವ ಡಯಾಗನಲ್ ಕನ್ನಡಿಯ ಬಗ್ಗೆ, ಮಾತನಾಡುತ್ತೇನೆಂದು ಅವರನ್ನು ಒಪ್ಪಿಸಿದೆ.

ಮಸೂರದ ದೂರದರ್ಶಕದಲ್ಲಿಯೂ ಕನ್ನಡಿ, ಮಸೂರ ಎರಡನ್ನೂ ಬಳಸುವ ಶ್ಮಿಟ್-ಕ್ಯಾಸೆಗ್ರೇನ್ ಹಾಗೂ ಮಕ್ಸುಟೊವ್ ಮಾದರಿಗಳಲ್ಲಿಯೂ ಬೆಳಕು ಕೊಳವೆಯ ಹಿಂಬದಿಯಿಂದ ಹೊರಬರುತ್ತದೆ. ಅದನ್ನು 90 ಡಿಗ್ರಿ ತಿರುಗಿಸಿ, ನಾವು ಕುರ್ಚಿಯ ಮೇಲೆ ಕುಳಿತು ತಲೆ ಬಗ್ಗಿಸಿ ನೋಡುವಂತೆ ಮಾಡುವುದು ಡಯಾಗನಲ್‌ನ ಕೆಲಸ. ನ್ಯೂಟನ್ ಮಾದರಿಯ ದೂರದರ್ಶಕ ಇರುವವರಿಗೆ ಇದು ಬೇಕಿಲ್ಲ. 1668ರಲ್ಲಿಯೇ ನ್ಯೂಟನ್ ಓರೆಯಾದ ಚಪ್ಪಟೆ ಕನ್ನಡಿಯೊಂದನ್ನು ಕೊಳವೆಯೊಳಗೇ ಇಟ್ಟು ಆ ತೊಂದರೆಯನ್ನು ಕಳೆದಿದ್ದಾನೆ. ಯುರೋಪಿನವರಿಗೆ ಡಯಾಗನಲ್ ಒಂದು ಅನುಕೂಲವಷ್ಟೇ ಇರಬಹುದು, ನಮಗೆ ಅದು ಅನಿವಾರ್ಯ. ಹಾಸನ, ಚಿಕ್ಕಮಗಳೂರು ಎರಡೂ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಘಾ ನಕ್ಷತ್ರ ಖಗೋಳ ವಿಷುವದ್ವೃತ್ತದಿಂದ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿರುವ ವೃತ್ತದಿಂದ) ಸುಮಾರು 12 ಡಿಗ್ರಿ ಉತ್ತರಕ್ಕಿರುವುದರಿಂದ ಅದು ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ರೋಹಿಣಿ, ಆರ್ದ್ರಾ, ಕೃತ್ತಿಕೆಗಳೂ ನೆತ್ತಿಯಿಂದ ಹೆಚ್ಚು ದೂರ ಸರಿಯುವುದಿಲ್ಲ. ಚಂದ್ರ ಮತ್ತು ಗುರುಗಳು ವರ್ಷದ ಎಷ್ಟೋ ರಾತ್ರಿಗಳಲ್ಲಿ ಅಷ್ಟೇ ಎತ್ತರಕ್ಕೆ ಏರುತ್ತವೆ. ಡಯಾಗನಲ್ ಇಲ್ಲದೆ ಅವುಗಳನ್ನು ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು.

ಹಾಗೆ ಮಲಗಿ ನೋಡಿದ್ದರಿಂದಲೇ ನನಗೆ ಈ ವಿಷಯದಲ್ಲಿ ಮೊದಲ ಪಾಠ ಸಿಕ್ಕಿತು. ನನ್ನ ಮೊದಲ ದೂರದರ್ಶಕ 80 ಮಿ.ಮೀ. ಅಗಲದ, 600 ಮಿ.ಮೀ. ಸಂಗಮದೂರದ, ಅಂದರೆ ಬೆಳಕನ್ನು ಅಷ್ಟು ದೂರದಲ್ಲಿ ಒಂದೆಡೆ ಸೇರಿಸುವ, ಮಸೂರದ್ದು, ಅದರ ಜೊತೆ ಪ್ಲಾಸ್ಟಿಕ್ ಮೈಯ ಒಂದು ಡಯಾಗನಲ್ ಬಂದಿತ್ತು. ಒಂದು ಚಳಿಗಾಲವಿಡೀ ಗುರುಗ್ರಹ ಅದರಲ್ಲಿ ಒಂದು ಪಕ್ಕಕ್ಕೆ ಹಿಂಜಿದ ಹತ್ತಿಯಂತೆ ಕಾಣುತ್ತಿತ್ತು. ಮಾರಿದವರನ್ನು ಕೇಳಿದರೆ ವಾತಾವರಣದ ಅಲುಗಾಟ ಎಂದರು, ನಾನು ಮಸೂರವೇ ಕೆಟ್ಟದ್ದೆಂದು ತೀರ್ಮಾನಿಸಿದ್ದೆ. ಕೊನೆಗೆ ಒಂದು ರಾತ್ರಿ ಬೇಸರದಿಂದ ಡಯಾಗನಲ್ ಕಳಚಿ, ಅದು ತೆರವು ಮಾಡಿದ ದೂರವನ್ನು ತುಂಬಲು ಒಂದು ಪೈಪಿನ ತುಂಡನ್ನು ಜೋಡಿಸಿ, ಕಾಫಿ ಒಣಗಿಸುವ ಕಣದಲ್ಲಿ ಗೋಣಿಚೀಲ ಹಾಸಿ ಮಲಗಿ ನೇರವಾಗಿ ನೋಡಿದೆ. ಗುರು ದುಂಡಗಿತ್ತು, ಅದರ ಎರಡು ಪಟ್ಟೆಗಳು ಗೆರೆ ಎಳೆದಂತಿದ್ದವು. ಮರುದಿನ ಡಯಾಗನಲ್‌ನ ಬೆನ್ನಿನ ಮುಚ್ಚಳ ಬಿಚ್ಚಿದರೆ, ಕನ್ನಡಿಯ ಒಂದು ಅಂಚನ್ನು ತಗಡಿನ ಪಟ್ಟಿಯೊಂದು ಬಿಗಿಯಾಗಿ ಅದುಮಿತ್ತು. ಆ ಪಟ್ಟಿಯ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದ್ದರಿಂದಲೇ ನೋಟದ ಮುಕ್ಕಾಲು ಪಾಲು ದೋಷ ಹೋಯಿತು.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಗಿಲ್ಲ. ಡಯಾಗನಲ್‌ನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕುವ ಎರಡು ಅಂಕಿಗಳಿಗಿಂತ, ಎಲ್ಲಿಯೂ ಅಚ್ಚಾಗದ ಎರಡು ಗುಣಗಳು ಮುಖ್ಯ: ಗಾಜನ್ನು ಒತ್ತಡವಿಲ್ಲದೆ ಹಿಡಿದಿರುವುದು, ಅದನ್ನು ಸರಿಯಾಗಿ 45 ಡಿಗ್ರಿ ಓರೆಯಲ್ಲಿ ಕೂರಿಸಿರುವುದು.

ಮೊದಲು ಆ ಅಂಕಿಗಳನ್ನೇ ನೋಡೋಣ. ಒಂದನೆಯದು ಪ್ರತಿಫಲನದ ಪ್ರಮಾಣ. ಸಾಮಾನ್ಯ ಅಲ್ಯೂಮಿನಿಯಂ ಲೇಪದ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 88ರಿಂದ 90ರಷ್ಟನ್ನು ಮರಳಿಸುತ್ತದೆ. ಡೈಎಲೆಕ್ಟ್ರಿಕ್ ಎನ್ನುವ ಲೇಪದಲ್ಲಿ ಲೋಹವೇ ಇರುವುದಿಲ್ಲ; ಹೆಚ್ಚು ಮತ್ತು ಕಡಿಮೆ ವಕ್ರೀಭವನ ಸೂಚ್ಯಂಕದ ಆಕ್ಸೈಡ್‌ಗಳನ್ನು ಬೆಳಕಿನ ತರಂಗದೂರದ ಕಾಲು ಭಾಗದಷ್ಟು ತೆಳುವಾದ ಪದರಗಳಾಗಿ ಒಂದರ ಮೇಲೊಂದು ಹತ್ತಾರು ಸಲ ಕೂರಿಸಿರುತ್ತಾರೆ, ಪ್ರತಿ ಪದರದಿಂದ ಮರಳಿದ ಬೆಳಕು ಉಳಿದವುಗಳ ಬೆಳಕಿನೊಡನೆ ಹೆಜ್ಜೆ ಕೂಡಿಸಿ ಶೇ. 99ರವರೆಗೆ ಮುಟ್ಟುತ್ತದೆ. ಹತ್ತು ಶೇಕಡ ಲಾಭ ಎಂದರೆ ದೊಡ್ಡದೆನಿಸುತ್ತದೆ. ಆದರೆ ಲೆಕ್ಕ ಹಾಕಿದರೆ ಅದು ನಕ್ಷತ್ರಗಳ ಹೊಳಪನ್ನು ಅಳೆಯುವ ಕಾಂತಿಮಾನದಲ್ಲಿ ಸುಮಾರು 0.12 ಮಾತ್ರ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಸಾಧಾರಣ ಲೇಪದ ಡಯಾಗನಲ್ ಹಾಕಿದ 80 ಮಿ.ಮೀ. ದೂರದರ್ಶಕವು ಉತ್ತಮ ಲೇಪದ ಡಯಾಗನಲ್ ಹಾಕಿದ 76 ಮಿ.ಮೀ. ದೂರದರ್ಶಕಕ್ಕೆ ಬೆಳಕಿನ ಮಟ್ಟಿಗೆ ಸಮ. ಕಣ್ಣಿಗೆ ಈ ವ್ಯತ್ಯಾಸ ಗೊತ್ತಾಗುವುದು ಬಹಳ ಕಷ್ಟ.

ಹಾಗಿದ್ದರೂ ನಮ್ಮ ಕಡೆಯವರಿಗೆ ನಾನು ಡೈಎಲೆಕ್ಟ್ರಿಕ್ ಲೇಪವನ್ನೇ ಸೂಚಿಸುತ್ತೇನೆ, ಆದರೆ ಬೇರೆ ಕಾರಣಕ್ಕೆ. ಹಾಸನದ ಬಯಲಿನ ಕಡೆ ಇರುವವರಿಗೆ ಇದು ಅಷ್ಟು ತಟ್ಟಲಾರದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಏನು ಮಾಡುತ್ತದೆಂದು ನಾನು ಹೇಳಬೇಕಾಗಿಲ್ಲ. ಬೀರುವಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಅಲ್ಯೂಮಿನಿಯಂ ಲೇಪದ ಮೇಲೆ ಕೆಲವೇ ಮಳೆಗಾಲಗಳಲ್ಲಿ ಚುಕ್ಕೆಗಳು ಏಳುತ್ತವೆ, ಒರೆಸಿದರೆ ಗೀರು ಬೀಳುತ್ತದೆ. ಡೈಎಲೆಕ್ಟ್ರಿಕ್ ಪದರಗಳು ಗಟ್ಟಿಯಾದವು, ಎಚ್ಚರದಿಂದ ಶುಚಿ ಮಾಡಿದರೆ ತಡೆಯುತ್ತವೆ. ಆದರೆ ಅದರಲ್ಲಿಯೂ ಒಂದು ಕೊಕ್ಕೆಯಿದೆ: ಅಷ್ಟೊಂದು ಪದರಗಳ ಬಿಗಿತವು ತೆಳುವಾದ ಗಾಜನ್ನು ಬಾಗಿಸಬಲ್ಲದು. ಆದ್ದರಿಂದ ಈ ಲೇಪ ಬೇಕೆಂದರೆ ಅದರ ಕೆಳಗೆ ದಪ್ಪ ಗಾಜೂ ಇರಬೇಕು.

ಲೇಪ ಯಾವುದೇ ಆಗಿರಲಿ, ಅದು ಗಾಜಿನ ಮುಂಭಾಗದಲ್ಲಿರಬೇಕು. ಮನೆಯ ಕನ್ನಡಿಯಲ್ಲಿ ಲೇಪ ಹಿಂಬದಿಗಿರುವುದರಿಂದ ಗಾಜಿನ ಮುಂಮೈಯಿಂದಲೂ ಮಸುಕಾದ ಎರಡನೆಯ ಬಿಂಬ ಬರುತ್ತದೆ. ಚಿಕ್ಕಮಗಳೂರಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ ಬೇಲೂರು ಸಿಗುತ್ತದಲ್ಲವೇ, ಅಲ್ಲಿನ ದರ್ಪಣಸುಂದರಿಯ ಕೈಯಲ್ಲಿರುವಂಥ ಆ ಕಾಲದ ಕನ್ನಡಿಗಳು ಉಜ್ಜಿ ಹೊಳಪಿಟ್ಟ ಲೋಹದವು. ಅವು ಮುಂಮೈಯಿಂದಲೇ ಬಿಂಬ ಕೊಡುತ್ತಿದ್ದವು. ಈ ವಿಷಯದಲ್ಲಿ ಆಕೆಯ ಕನ್ನಡಿಯೇ ನಮ್ಮ ಬಚ್ಚಲುಮನೆಯ ಕನ್ನಡಿಗಿಂತ ಡಯಾಗನಲ್‌ಗೆ ಹತ್ತಿರ.

ಎರಡನೆಯ ಅಂಕಿ ಕನ್ನಡಿಯ ಚಪ್ಪಟೆತನದ್ದು. ತರಂಗದೂರದ 1/10 ಭಾಗ ಎಂದು ಬರೆದಿರುತ್ತಾರೆ. ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಹೀಲಿಯಂ-ನಿಯಾನ್ ಲೇಸರ್‌ನ ತರಂಗದೂರ 632.8 ನ್ಯಾನೋಮೀಟರ್ ಆದ್ದರಿಂದ, ಮೈಯ ಏರಿಳಿತ ಸುಮಾರು 63 ನ್ಯಾನೋಮೀಟರ್ ಮೀರುವುದಿಲ್ಲ ಎಂಬುದು ಆ ಮಾತಿನ ಅರ್ಥ. ಕನ್ನಡಿ 45 ಡಿಗ್ರಿ ಓರೆಯಲ್ಲಿರುವಾಗ ಮೈಯ ದೋಷ ಬೆಳಕಿನ ಅಲೆಯಲ್ಲಿ ಸುಮಾರು 1.4 ಪಟ್ಟಾಗುತ್ತದೆ, ಬರೆದಿರುವುದು ಮೈಯ ದೋಷವೋ ಅಲೆಯ ದೋಷವೋ ಎಂಬುದನ್ನು ಎಷ್ಟೋ ಪೆಟ್ಟಿಗೆಗಳು ಹೇಳುವುದೇ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕನ್ನಡಿ ಇರುವುದು ಬೆಳಕು ಸಂಗಮಿಸುವ ಜಾಗಕ್ಕೆ ಬಹಳ ಹತ್ತಿರ. ನನ್ನ 80 ಮಿ.ಮೀ. ದೂರದರ್ಶಕದಲ್ಲಿ ಸಂಗಮಬಿಂದುವಿಗಿಂತ 60 ಮಿ.ಮೀ. ಮೊದಲು ಕನ್ನಡಿ ಇದ್ದರೆ, ಒಂದು ನಕ್ಷತ್ರದ ಬೆಳಕಿನ ಶಂಕು ಅಲ್ಲಿ ಕೇವಲ 8 ಮಿ.ಮೀ. ಅಗಲದ್ದು. ಕನ್ನಡಿಯ ಇಡೀ ಮೈ ನಯವಾಗಿ, ಒಂದೇ ಸಮನೆ ತುಸು ಬಾಗಿದ್ದರೂ ಆ ದೋಷ ಅಗಲದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಅಗಲದ ಕಾಲು ಭಾಗವನ್ನಷ್ಟೇ ಬಳಸುವ ನಕ್ಷತ್ರಕ್ಕೆ ಅದು ಹದಿನಾರನೆಯ ಒಂದು ಪಾಲಾಗಿ ಉಳಿಯುತ್ತದೆ. ಹೀಗಾಗಿ 1/10ಕ್ಕೂ 1/6ಕ್ಕೂ ಇರುವ ಅಂತರಕ್ಕೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಅಂಟು ಅಥವಾ ಸ್ಕ್ರೂ ಗಾಜನ್ನು ತಿರುಚಿದಾಗ ಆಗುವ ದೋಷ ತರಂಗದೂರದ ಭಾಗಗಳಲ್ಲಿ ಅಲ್ಲ, ಇಡೀ ತರಂಗದೂರಗಳಲ್ಲಿಯೇ ಇರಬಹುದು. ಬಾಗಿದ ಕನ್ನಡಿ ಓರೆಯಾಗಿ ನಿಂತಾಗ ಅಡ್ಡ ಮತ್ತು ಉದ್ದ ದಿಕ್ಕಿನ ಕಿರಣಗಳು ಬೇರೆ ಬೇರೆ ದೂರದಲ್ಲಿ ಸಂಗಮಿಸುತ್ತವೆ. ಅಸ್ಟಿಗ್ಮ್ಯಾಟಿಸಂ ಎನ್ನುವ ಆ ದೋಷವೇ ನನ್ನ ಗುರುವನ್ನು ಹಿಂಜಿದ್ದು.

ಅದನ್ನು ಹಿಡಿಯಲು ಪ್ರಯೋಗಾಲಯ ಬೇಕಿಲ್ಲ. ಎತ್ತರದಲ್ಲಿರುವ, ಮಧ್ಯಮ ಕಾಂತಿಯ ಒಂದು ನಕ್ಷತ್ರವನ್ನು ಸುಮಾರು 150 ಪಟ್ಟು ವರ್ಧನೆಯಲ್ಲಿ ನೋಡುತ್ತಾ, ಫೋಕಸ್ ಅನ್ನು ತುಸು ಒಳಗೆ, ತುಸು ಹೊರಗೆ ಸರಿಸಿ. ಎರಡೂ ಕಡೆ ದುಂಡು ಬಳೆಗಳು ಕಂಡರೆ ಸರಿ. ಒಂದು ಕಡೆ ಉದ್ದವಾದ ಮೊಟ್ಟೆ, ಇನ್ನೊಂದು ಕಡೆ ಅಡ್ಡವಾದ ಮೊಟ್ಟೆ ಕಂಡರೆ ಎಲ್ಲೋ ಅಸ್ಟಿಗ್ಮ್ಯಾಟಿಸಂ ಇದೆ. ಯಾರ ತಪ್ಪೆಂದು ಪತ್ತೆ ಮಾಡುವುದೂ ಸುಲಭ: ನಿಮ್ಮ ತಲೆಯನ್ನು ವಾಲಿಸಿದಾಗ ಮೊಟ್ಟೆ ತಿರುಗಿದರೆ ತಪ್ಪು ಕಣ್ಣಿನದು, ಐಪೀಸ್ ಅನ್ನು ಅದರ ಜಾಗದಲ್ಲಿಯೇ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಇವೆರಡೂ ಅಲ್ಲವೆಂದಾದರೆ, ಡಯಾಗನಲ್ ಕಳಚಿ ನೇರವಾಗಿ ನೋಡಿ. ಆಗ ಬಳೆ ದುಂಡಗಾದರೆ ಬೇರೆ ಸಾಕ್ಷಿ ಬೇಡ.

ಕನ್ನಡಿಯ ಓರೆಯ ಪರೀಕ್ಷೆಗೆ ನಕ್ಷತ್ರಕ್ಕಿಂತ ಅಲುಗದ ಗುರಿ ಒಳ್ಳೆಯದು. ಬೆಟ್ಟದ ತುದಿಯ ಮೊಬೈಲ್ ಟವರ್‌ನ ಕೆಂಪು ದೀಪ ಸಾಕು. ಹಗಲಾದರೆ ದೂರದ ಕರೆಂಟ್ ಕಂಬದ ಪಿಂಗಾಣಿ ಇನ್ಸುಲೇಟರ್ ಮೇಲೆ ಮಿನುಗುವ ಬಿಸಿಲಿನ ಚುಕ್ಕಿ ಇನ್ನೂ ಉತ್ತಮ. ಆ ಕೆಲಸ ಮಾಡುವಾಗ ಸೂರ್ಯ ನಿಮ್ಮ ಬೆನ್ನಿಗಿರಲಿ. ಕೊಳವೆಯ ಮುಂಬಾಯಿಗೆ ಸರಿಯಾದ ಸೌರ ಫಿಲ್ಟರ್ ಇಲ್ಲದೆ ಸೂರ್ಯನತ್ತ ತಿರುಗಿಸಿದ ದೂರದರ್ಶಕದಿಂದ ಯಾವ ಡಯಾಗನಲ್ಲೂ ಕಣ್ಣನ್ನು ಕಾಪಾಡುವುದಿಲ್ಲ. ಚುಕ್ಕಿಯನ್ನು ನೋಟದ ನಡುವಿಗೆ ತಂದು, ಸ್ಕ್ರೂ ಸಡಿಲಿಸಿ, ಡಯಾಗನಲ್ ಅನ್ನು ಫೋಕಸರ್‌ನಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಚುಕ್ಕಿ ನಡುವೆಯೇ ನಿಂತರೆ ಕನ್ನಡಿ ಸರಿಯಾದ ಓರೆಯಲ್ಲಿದೆ, ದೊಡ್ಡ ವೃತ್ತ ಬರೆದರೆ ಇಲ್ಲ. ಕನ್ನಡಿ ಒಂದು ಡಿಗ್ರಿ ತಪ್ಪಿದರೆ ಕಿರಣ ಎರಡು ಡಿಗ್ರಿ ತಪ್ಪುತ್ತದೆ, 60 ಮಿ.ಮೀ. ದೂರದಲ್ಲಿ ಅದು 2 ಮಿ.ಮೀ.ಗಿಂತ ಹೆಚ್ಚು. ಸಂಗಮದೂರ ಕಡಿಮೆಯಿರುವ ದೂರದರ್ಶಕಗಳಲ್ಲಿ ನೋಟದ ಒಂದು ಪಕ್ಕ ಚೂಪಾಗಿದ್ದಾಗ ಇನ್ನೊಂದು ಪಕ್ಕ ಮಸುಕಾಗುವುದಕ್ಕೆ ಇದೂ ಒಂದು ಕಾರಣ. ಕೆಲವು ಡಯಾಗನಲ್‌ಗಳ ಬೆನ್ನಿನಲ್ಲಿ ಇದನ್ನು ಸರಿಪಡಿಸುವ ಸ್ಕ್ರೂಗಳಿರುತ್ತವೆ, ಹಲವದರಲ್ಲಿ ಇರುವುದಿಲ್ಲ.

ಇನ್ನು ಅಳತೆ. ಒಂದೂಕಾಲು ಇಂಚಿನದೋ ಎರಡು ಇಂಚಿನದೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಐಪೀಸುಗಳಲ್ಲಿದೆ. ಒಂದೂಕಾಲು ಇಂಚಿನ ಐಪೀಸಿನೊಳಗೆ ಹೆಚ್ಚೆಂದರೆ 27 ಮಿ.ಮೀ., ಎರಡು ಇಂಚಿನದರಲ್ಲಿ ಸುಮಾರು 46 ಮಿ.ಮೀ. ಅಗಲದ ನೋಟ ಹಿಡಿಯುತ್ತದೆ. 600 ಮಿ.ಮೀ. ಸಂಗಮದೂರದಲ್ಲಿ ಚಿಕ್ಕದೇ ಎರಡೂವರೆ ಡಿಗ್ರಿ ಆಕಾಶವನ್ನು ತೋರಿಸುತ್ತದೆ, ಕೃತ್ತಿಕೆಯ ಗುಂಪು ಪೂರ್ತಿ ಒಳಗೆ ಕೂರುತ್ತದೆ. 2000 ಮಿ.ಮೀ. ಸಂಗಮದೂರದ 8 ಇಂಚಿನ ಶ್ಮಿಟ್-ಕ್ಯಾಸೆಗ್ರೇನ್‌ನಲ್ಲಿ ಅದೇ ಐಪೀಸ್ ಮುಕ್ಕಾಲು ಡಿಗ್ರಿಗೆ ಇಳಿಯುವುದರಿಂದ ಅಂಥವರಿಗೆ ಎರಡು ಇಂಚಿನದು ನಿಜವಾಗಿಯೂ ಉಪಯುಕ್ತ. ಆದರೆ ದೊಡ್ಡ ಡಯಾಗನಲ್ ಸುಮಾರು 100 ಮಿ.ಮೀ.ಗೂ ಹೆಚ್ಚು ಬೆಳಕಿನ ದಾರಿಯನ್ನು ನುಂಗುತ್ತದೆ. ಚಿಕ್ಕ ಮಸೂರ ದೂರದರ್ಶಕದ ಫೋಕಸರ್ ಅಷ್ಟು ಒಳಗೆ ಹೋಗದಿದ್ದರೆ ಫೋಕಸ್ಸೇ ಸಿಗುವುದಿಲ್ಲ. ಕೊಳ್ಳುವ ಮೊದಲು ಸ್ಕೇಲ್ ಹಿಡಿದು ಅಳೆಯಿರಿ. ಐಪೀಸ್ ಹಿಡಿಯುವ ಕಡೆ ಬರಿ ಸ್ಕ್ರೂವಿನ ಬದಲು ಹಿತ್ತಾಳೆಯ ಬಳೆ ಇರುವುದು ಲೇಸು, ಏಕೆಂದರೆ ಐಪೀಸ್ ಓರೆಯಾಗಿ ಕೂರುವುದು ತಪ್ಪುತ್ತದೆ.

ಕನ್ನಡಿಯ ಬದಲು ಪ್ರಿಸಮ್ ಇರುವ ಡಯಾಗನಲ್‌ಗಳೂ ಸಿಗುತ್ತವೆ. ಎಫ್/10 (ಸಂಗಮದೂರ ಅಗಲದ ಹತ್ತು ಪಟ್ಟು) ಅಥವಾ ಅದಕ್ಕಿಂತ ನಿಧಾನವಾದ, ಅಂದರೆ ಆ ಅಂಕಿ ಇನ್ನೂ ದೊಡ್ಡದಿರುವ, ದೂರದರ್ಶಕಗಳಿಗೆ ಒಳ್ಳೆಯ ಪ್ರಿಸಮ್ ಕನ್ನಡಿಗೆ ಏನೂ ಕಡಿಮೆಯಲ್ಲ. ಎಫ್/5, ಎಫ್/6ರವುಗಳಲ್ಲಿ ಮಾತ್ರ ಗಾಜು ತನ್ನದೇ ಬಣ್ಣದ ಅಂಚನ್ನು ಸೇರಿಸುತ್ತದೆ. 45 ಡಿಗ್ರಿಯ, ಬಿಂಬವನ್ನು ನೇರ ಮಾಡುವ ಪ್ರಿಸಮ್ ಹಕ್ಕಿ ನೋಡುವವರಿಗೆ ಇರಲಿ, ನೆತ್ತಿಯ ಮೇಲಿನ ನಕ್ಷತ್ರಕ್ಕೆ ಅದು ಕತ್ತು ನೋಯಿಸುತ್ತದೆ. ಕನ್ನಡಿಯ ಡಯಾಗನಲ್‌ನಲ್ಲಿ ಎಡಬಲ ಅದಲುಬದಲಾಗುವುದರಿಂದ ಚಂದ್ರನ ನಕ್ಷೆ ಹೊಂದುವುದಿಲ್ಲ ಎಂದು ದೂರುವವರು ನಕ್ಷೆಯ ಹಾಳೆಯನ್ನು ಮಗುಚಿ ಬೆಳಕಿಗೆ ಹಿಡಿದು ನೋಡಿದರಾಯಿತು.

ಕೊನೆಯದಾಗಿ ಶುಚಿತ್ವ. ನೋಡಿ ಮುಗಿದ ಕೂಡಲೇ ಇಬ್ಬನಿ ಕೂತ ಡಯಾಗನಲ್‌ಗೆ ಮುಚ್ಚಳ ಹಾಕಬೇಡಿ. ಒಣಗಿದ ಮೇಲೆ ಎರಡೂ ಕಡೆ ಮುಚ್ಚಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಧೂಳನ್ನು ರಬ್ಬರ್ ಬಲ್ಬಿನಿಂದ ಊದಿ ತೆಗೆಯಿರಿ, ಬಟ್ಟೆಯಿಂದ ಒರೆಸಬೇಡಿ.

ನನ್ನ ಆ ಹಳೆಯ ಪ್ಲಾಸ್ಟಿಕ್ ಡಯಾಗನಲ್ ಮತ್ತು ಈಗ ಬಳಸುವ ಇನ್ನೊಂದನ್ನು ಚೀಲದಲ್ಲಿ ತಂದಿದ್ದೇನೆ. ಈ ಸಭಾಂಗಣದ ಹಿಂದಿನ ರಸ್ತೆಯ ಕೊನೆಯಲ್ಲಿ ಒಂದು ಕರೆಂಟ್ ಕಂಬ ಕಾಣುತ್ತದೆ. ಬಿಸಿಲು ಇಳಿಯುವ ಮೊದಲು ಹೊರಗೆ ಹೋಗಿ, ಹಳೆಯದರ ಸ್ಕ್ರೂವನ್ನು ಮತ್ತೆ ಬಿಗಿ ಮಾಡಿ ಒಮ್ಮೆ, ಸಡಿಲಿಸಿ ಒಮ್ಮೆ, ಇಬ್ಬರಿಬ್ಬರಾಗಿ ಬಂದು ನೋಡಿ.